ಶಾಖೆಗಳ ಸಿಬ್ಬಂದಿಗೆ ವರ್ಚುವಲ್ ಡೆಸ್ಕ್‌ಟಾಪ್: ಹಂಚಿಕೆಯ ಸೆಷನ್ ಸಾಕೇ, ತಲೆಗೊಂದು ಯಂತ್ರ ಬೇಕೇ?

ಪ್ರಶ್ನೆ (ಶಿರಸಿಯಿಂದ)

ಉತ್ತರ ಕನ್ನಡ ಜಿಲ್ಲೆಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ವಿಭಾಗದ ಹೊಣೆ ನನ್ನದು. ಶಿರಸಿಯಲ್ಲಿ ಪ್ರಧಾನ ಕಚೇರಿಯಿದ್ದು, ಸಿದ್ದಾಪುರ, ಯಲ್ಲಾಪುರ, ಕುಮಟಾ ಕಡೆಗಳಲ್ಲಿ ಶಾಖೆಗಳಿವೆ. ಕಂಪ್ಯೂಟರ್ ಮುಂದೆ ಕೂರುವವರು ಒಟ್ಟು 80 ಮಂದಿ. ಶಾಖೆಗಳಲ್ಲಿ ಹೆಚ್ಚಿನವು ಹಳೆಯ ಯಂತ್ರಗಳಾಗಿದ್ದು, ಅವುಗಳ ಮೇಲೆ ವಿಂಡೋಸ್ 11 ಅನುಸ್ಥಾಪಿಸಲು ಆಗುವುದಿಲ್ಲ. ವಿಂಡೋಸ್ 10ಕ್ಕೆ ಇದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಲ್ಲ ಯಂತ್ರಗಳನ್ನೂ ಒಮ್ಮೆಲೇ ಬದಲಾಯಿಸುವುದಕ್ಕಿಂತ, ಪ್ರಧಾನ ಕಚೇರಿಯ ಸರ್ವರ್‌ನಿಂದ ಎಲ್ಲರಿಗೂ ವರ್ಚುವಲ್ ಡೆಸ್ಕ್‌ಟಾಪ್ (ಸರ್ವರ್‌ನಲ್ಲಿ ನಡೆದು, ಶಾಖೆಯಲ್ಲಿ ಪರದೆ ಮಾತ್ರ ಕಾಣುವ ಕಂಪ್ಯೂಟರ್) ಒದಗಿಸುವುದು ಒಳ್ಳೆಯದೆಂದು ಆಡಳಿತ ಮಂಡಳಿ ತಾತ್ವಿಕವಾಗಿ ಒಪ್ಪಿದೆ.

ಒಬ್ಬ ಮಾರಾಟಗಾರರು ಕೊಟ್ಟಿರುವ ಪ್ರಸ್ತಾವ ಹೀಗಿದೆ: ಒಟ್ಟು 32 ಕೋರ್‌ಗಳ ಎರಡು ಪ್ರೊಸೆಸರ್, 256 ಜಿಬಿ ಮೆಮೊರಿ, ರೇಡ್ 5ರಲ್ಲಿ (ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವ ಜೋಡಣೆ) ಜೋಡಿಸಿದ ಆರು 10ಕೆ (ನಿಮಿಷಕ್ಕೆ 10,000 ಸುತ್ತು ತಿರುಗುವ) ಡಿಸ್ಕ್‌ಗಳಿರುವ ಒಂದು ಸರ್ವರ್, ಅದರ ಮೇಲೆ ಪ್ರತಿಯೊಬ್ಬರಿಗೂ ಪ್ರತ್ಯೇಕ ವಿಂಡೋಸ್ 11 ವರ್ಚುವಲ್ ಯಂತ್ರ (ಸರ್ವರ್‌ನೊಳಗೆ ತಂತ್ರಾಂಶದಿಂದಲೇ ರೂಪಿಸಿದ ಕಂಪ್ಯೂಟರ್), ಇವನ್ನು ತಲುಪಿಸಲು ಹೊರೈಜನ್ ತಂತ್ರಾಂಶ. ನಮ್ಮ ಲೆಕ್ಕಪತ್ರದ ತಂತ್ರಾಂಶ ವಿಂಡೋಸ್ ಮೇಲೆ ನಡೆಯುವಂಥದ್ದು, ಅದರ ಡೇಟಾಬೇಸ್ ಪ್ರಧಾನ ಕಚೇರಿಯಲ್ಲಿಯೇ ಇದೆ. ಕೌಂಟರ್‌ಗಳಲ್ಲಿ ಪಾಸ್‌ಬುಕ್ ಮುದ್ರಣವಾಗಬೇಕು, ಸದಸ್ಯರಿಗೆ ಕನ್ನಡದಲ್ಲಿ ನೋಟಿಸ್ ಸಿದ್ಧವಾಗಬೇಕು, ಕೆಲವು ಶಾಖೆಗಳಲ್ಲಿ ಆಧಾರ್ ಬೆರಳಚ್ಚಿನ ಸೇವೆಯೂ ಇದೆ. ಈ ಪ್ರಸ್ತಾವ ನಮ್ಮ ಅಗತ್ಯಕ್ಕೆ ಹೊಂದುತ್ತದೆಯೇ? ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಬೆಂಗಳೂರಿನಿಂದ)

ಪ್ರಸ್ತಾವ ಹೊಂದುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನಿಮ್ಮ 80 ಮಂದಿಯಲ್ಲಿ ಬಹುಪಾಲು ಜನ ಇಡೀ ದಿನ ಒಂದೇ ತಂತ್ರಾಂಶದಲ್ಲಿ ಒಂದೇ ಬಗೆಯ ಕೆಲಸ ಮಾಡುವವರು. ಇಂಥವರಿಗೆ ತಲೆಗೊಂದು ಯಂತ್ರ ಕಟ್ಟಿಕೊಡುವ ಅಗತ್ಯವಿಲ್ಲ. ಒಂದು ವಿಂಡೋಸ್ ಸರ್ವರ್‌ಗೆ ಹಲವರು ಏಕಕಾಲಕ್ಕೆ ಲಾಗಿನ್ ಆಗಿ, ತಮ್ಮ ತಮ್ಮ ಡೆಸ್ಕ್‌ಟಾಪ್‌ನಲ್ಲಿ ಕೆಲಸ ಮಾಡುವ ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್ (ಆರ್‌ಡಿಎಸ್) ವ್ಯವಸ್ಥೆಯೇ ಸಾಕು, ಹೀಗೆ ಒಬ್ಬೊಬ್ಬರು ತೆರೆಯುವುದೇ ಸೆಷನ್. ಪ್ರತ್ಯೇಕ ವರ್ಚುವಲ್ ಯಂತ್ರ ನಿಜವಾಗಿ ಬೇಕಾಗುವುದು ಸರ್ವರ್ ಮೇಲೆ ನಡೆಯದ ತಂತ್ರಾಂಶ ಬಳಸುವವರಿಗೆ, ಅಥವಾ ಇತರರೊಡನೆ ಹಂಚಿಕೊಳ್ಳಲಾಗದ ಸಾಧನ ಇರುವವರಿಗೆ ಮಾತ್ರ.

ಲೆಕ್ಕವನ್ನೇ ಮಾಡಿ ನೋಡೋಣ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಮೆಮೊರಿ ಬೇಕು. 80 ಯಂತ್ರಗಳಿಗೆ ಅದೇ 320 ಜಿಬಿ ಆಗುತ್ತದೆ, ನಿಮಗೆ ಸೂಚಿಸಿರುವುದು 256. ಬ್ರೌಸರ್ ತೆರೆದು ಸಮಾಧಾನದಿಂದ ಕೆಲಸ ಮಾಡಬೇಕಾದರೆ ತಲಾ 8 ಜಿಬಿ ಕೊಡಬೇಕು, ಆಗ 640. ಅದೇ ಸೆಷನ್ ವ್ಯವಸ್ಥೆಯಲ್ಲಾದರೆ, ಮಧ್ಯಮ ಪ್ರಮಾಣದ ಕೆಲಸಕ್ಕೆ ಒಂದು ವರ್ಚುವಲ್ ಪ್ರೊಸೆಸರ್‌ಗೆ (ವರ್ಚುವಲ್ ಯಂತ್ರಕ್ಕೆ ಹಂಚಿದ ಪ್ರೊಸೆಸರ್ ಪಾಲಿಗೆ) ನಾಲ್ವರು ಎಂಬುದು ಮೈಕ್ರೋಸಾಫ್ಟ್ ಕೊಡುವ ಆರಂಭಿಕ ಸೂತ್ರ. ಅದರಂತೆ 80 ಮಂದಿಗೆ 20 ಸಾಕು. ನಾನಾದರೆ ತಲಾ 8 ವರ್ಚುವಲ್ ಪ್ರೊಸೆಸರ್, 48 ಜಿಬಿ ಮೆಮೊರಿಯ ನಾಲ್ಕು ಸೆಷನ್ ಹೋಸ್ಟ್‌ಗಳನ್ನು (ಸೆಷನ್‌ಗಳನ್ನು ನಡೆಸುವ ವರ್ಚುವಲ್ ಸರ್ವರ್‌ಗಳನ್ನು) ಮಾಡುತ್ತೇನೆ. ಆಗ ಒಂದನ್ನು ದುರಸ್ತಿಗೆ ಕೆಳಗಿಳಿಸಿದರೂ ಉಳಿದ ಮೂರು ಎಲ್ಲರನ್ನೂ ಹೊರುತ್ತವೆ.

ಪ್ರಸ್ತಾವದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡು ಮಾಡಿದ್ದು ಡಿಸ್ಕ್. ಒಂದು 10ಕೆ ಡಿಸ್ಕ್ ಸೆಕೆಂಡಿಗೆ ಹೆಚ್ಚುಕಡಿಮೆ 140 ಓದು-ಬರಹಗಳನ್ನು ನಿಭಾಯಿಸುತ್ತದೆ. ಆರು ಸೇರಿದರೆ 840. ಆದರೆ ರೇಡ್ 5ರಲ್ಲಿ ಒಂದು ಸಣ್ಣ ಬರಹಕ್ಕೆ ನಾಲ್ಕು ಡಿಸ್ಕ್ ಕ್ರಿಯೆಗಳು ನಡೆಯುವುದರಿಂದ, ಬರಹದ ಲೆಕ್ಕದಲ್ಲಿ ಉಳಿಯುವುದು ಸುಮಾರು 210 ಮಾತ್ರ. ವರ್ಚುವಲ್ ಡೆಸ್ಕ್‌ಟಾಪ್‌ಗಳಲ್ಲಿ ಓದಿಗಿಂತ ಬರಹವೇ ಹೆಚ್ಚು. ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನದ ಹತ್ತು ನಿಮಿಷದಲ್ಲಿ ಎಲ್ಲ ಶಾಖೆಗಳವರೂ ಒಟ್ಟಿಗೆ ಲಾಗಿನ್ ಆಗುವ ಹೊತ್ತಿಗೆ ಈ ಡಿಸ್ಕ್‌ಗಳು ಸೋತುಬಿಡುತ್ತವೆ, ಪ್ರೊಸೆಸರ್ ಎಷ್ಟೇ ಬಲವಾಗಿದ್ದರೂ ಸಿಬ್ಬಂದಿಗೆ ಕಾಣುವುದು ತಿರುಗುತ್ತಲೇ ಇರುವ ನೀಲಿ ವೃತ್ತ. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಎರಡನೆಯದಾಗಿ, ಒಂದೇ ಸರ್ವರ್ ಎಂಬುದನ್ನು ಒಪ್ಪಬೇಡಿ. ಇಂದು ಒಂದು ಯಂತ್ರ ಕೆಟ್ಟರೆ ಒಂದು ಕೌಂಟರ್ ನಿಲ್ಲುತ್ತದೆ, ನಾಳೆ ಒಂದು ಮದರ್‌ಬೋರ್ಡ್ ಕೆಟ್ಟರೆ ಇಡೀ ಸಂಘವೇ ನಿಲ್ಲುತ್ತದೆ. ಸಣ್ಣದಾದರೂ ಎರಡು ಸರ್ವರ್ ಇರಲಿ. ಹೊರೈಜನ್ ಉತ್ತಮ ತಂತ್ರಾಂಶವೇ ಸರಿ. ಆದರೆ ಅದನ್ನು ತಯಾರಿಸುತ್ತಿದ್ದ ವಿಎಂವೇರ್ ಸಂಸ್ಥೆಯನ್ನು 2023ರಲ್ಲಿ ಬ್ರಾಡ್‌ಕಾಮ್ ಕೊಂಡ ಬಳಿಕ, 2024ರಲ್ಲಿ ಹೊರೈಜನ್ ಇರುವ ವಿಭಾಗ ಓಮ್ನಿಸ್ಸಾ ಎಂಬ ಬೇರೆ ಕಂಪನಿಯಾಗಿದೆ. ಹಾಗಾಗಿ ದರಪಟ್ಟಿ ಯಾರ ಹೆಸರಿನಲ್ಲಿದೆ, ಅಡಿಯಲ್ಲಿದ್ದು ವರ್ಚುವಲ್ ಯಂತ್ರಗಳನ್ನು ನಡೆಸುವ ತಂತ್ರಾಂಶವಾದ ಹೈಪರ್‌ವೈಸರ್‌ನ ಲೈಸೆನ್ಸ್ ಅದರಲ್ಲಿ ಸೇರಿದೆಯೇ ಎಂದು ಬರಹದಲ್ಲಿ ಕೇಳಿ. ನಿಮ್ಮ ಗಾತ್ರದ ಕಚೇರಿಗೆ ಮೈಕ್ರೋಸಾಫ್ಟ್‌ನ ಹೈಪರ್‌ವೈಸರ್ ಆದ ಹೈಪರ್-ವಿ ಮತ್ತು ವಿಂಡೋಸ್‌ನದೇ ಸೆಷನ್ ವ್ಯವಸ್ಥೆ ಸಾಕಾಗುತ್ತದೆ.

ಡೇಟಾಬೇಸ್ ಪ್ರಧಾನ ಕಚೇರಿಯಲ್ಲಿದೆ ಎಂದಿದ್ದೀರಿ. ಇದು ನಿಮಗೆ ದೊಡ್ಡ ಅನುಕೂಲ. ಈಗ ಶಾಖೆಯಲ್ಲಿ ಒಂದು ಸಾಲದ ಪಟ್ಟಿ ತೆಗೆದರೆ ಸಾವಿರಾರು ಸಾಲುಗಳು ಲೈನ್ ಮೇಲೆ ಹರಿದು ಬರಬೇಕು. ತಂತ್ರಾಂಶವೂ ಡೇಟಾಬೇಸ್ ಇರುವ ಕೋಣೆಯಲ್ಲಿಯೇ ನಡೆದರೆ, ಲೈನ್ ಮೇಲೆ ಬರುವುದು ಪರದೆಯ ಚಿತ್ರ ಮಾತ್ರ.

ಉತ್ತರ 2 (ಮಂಗಳೂರಿನಿಂದ)

ಮೇಲಿನವರ ಲೆಕ್ಕಾಚಾರವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಇಂಥ ಯೋಜನೆಗಳು ಗೆಲ್ಲುವುದೋ ಸೋಲುವುದೋ ನಿರ್ಧಾರವಾಗುವುದು ಕೌಂಟರಿನಲ್ಲಿ, ಸದಸ್ಯರ ಕಣ್ಣೆದುರಿಗೆ. ಆದ್ದರಿಂದ ನೀವು ಕೊನೆಯಲ್ಲಿ ಬರೆದ ಮೂರು ಸಂಗತಿಗಳನ್ನೇ ಮೊದಲು ಪರೀಕ್ಷಿಸಬೇಕು.

ಪಾಸ್‌ಬುಕ್ ಮುದ್ರಣದಿಂದ ಆರಂಭಿಸುತ್ತೇನೆ. ರಿಮೋಟ್ ಸೆಷನ್‌ನಲ್ಲಿ ವಿಂಡೋಸ್ ತಾನಾಗಿಯೇ ಈಸಿ ಪ್ರಿಂಟ್ ಎಂಬ ಸಾಮಾನ್ಯ ಡ್ರೈವರ್‌ನ ಮೂಲಕ ಶಾಖೆಯ ಪ್ರಿಂಟರನ್ನು ಜೋಡಿಸಿಕೊಳ್ಳುತ್ತದೆ. ಲೇಸರ್ ಪ್ರಿಂಟರ್‌ಗಳಿಗೆ ಇದು ಚೆನ್ನಾಗಿದೆ. ಡಾಟ್ ಮ್ಯಾಟ್ರಿಕ್ಸ್ ಪಾಸ್‌ಬುಕ್ ಪ್ರಿಂಟರ್‌ಗೆ ಮಾತ್ರ ಇದು ಹೊಂದುವುದಿಲ್ಲ. ಲೆಕ್ಕದ ತಂತ್ರಾಂಶ ಸಾಲಿನ ಅಂತರಕ್ಕೂ ಅಕ್ಷರದ ಅಗಲಕ್ಕೂ ಪ್ರಿಂಟರ್‌ನ ಸ್ವಂತ ಸಂಕೇತಗಳನ್ನು ಕಳುಹಿಸುತ್ತದೆ, ಈಸಿ ಪ್ರಿಂಟ್ ಪುಟವನ್ನೆಲ್ಲ ಬೇರೆ ರೂಪಕ್ಕೆ ತಿರುಗಿಸಿ ಕಳುಹಿಸುತ್ತದೆ. ಪರಿಣಾಮವಾಗಿ ಜಮಾ ಮೊತ್ತ ಖರ್ಚಿನ ಅಂಕಣಕ್ಕೆ ಸರಿಯುತ್ತದೆ, ಅಥವಾ ಅರ್ಧ ಸಾಲು ಪಾಸ್‌ಬುಕ್ಕಿನ ನಡುವಿನ ಮಡಿಕೆಯ ಮೇಲೆ ಬೀಳುತ್ತದೆ. ಪರಿಹಾರವಿದೆ. ಪ್ರಿಂಟರ್ ತಯಾರಕರ ಮೂಲ ಡ್ರೈವರನ್ನೇ ಸೆಷನ್ ಹೋಸ್ಟ್‌ಗಳಲ್ಲಿ ಹಾಕಿ, ಈಸಿ ಪ್ರಿಂಟ್‌ಗೆ ಮೊದಲ ಆದ್ಯತೆ ಕೊಡುವ ಗ್ರೂಪ್ ಪಾಲಿಸಿಯನ್ನು (ಯಂತ್ರಗಳಿಗೆಲ್ಲ ಒಟ್ಟಿಗೆ ಅನ್ವಯಿಸುವ ಹೊಂದಾಣಿಕೆಯನ್ನು) ನಿಷ್ಕ್ರಿಯಗೊಳಿಸಬೇಕು. ಇನ್ನೂ ಗಟ್ಟಿಯಾದ ದಾರಿಯೆಂದರೆ, ಪ್ರತಿ ಪ್ರಿಂಟರ್‌ಗೂ ಒಂದು ಸಣ್ಣ ಪ್ರಿಂಟ್ ಸರ್ವರ್ ಪೆಟ್ಟಿಗೆ ಜೋಡಿಸಿ ಐಪಿ ವಿಳಾಸ ಕೊಟ್ಟು, ಸರ್ವರ್‌ನಿಂದ ನೇರವಾಗಿ ಮುದ್ರಿಸುವುದು.

ಆಧಾರ್ ಬೆರಳಚ್ಚು ಇದಕ್ಕಿಂತ ಕಠಿಣ. ನೋಂದಾಯಿತ ಸಾಧನದ ಆರ್‌ಡಿ ಸರ್ವಿಸ್ ಎಂಬ ತಂತ್ರಾಂಶ, ಸಾಧನ ಜೋಡಿಸಿರುವ ಯಂತ್ರದಲ್ಲಿಯೇ 127.0.0.1 ಎಂಬ, ಯಂತ್ರ ತನ್ನನ್ನು ತಾನೇ ಕರೆಯುವ ವಿಳಾಸದಲ್ಲಿ 11100ರಿಂದ 11120ರವರೆಗಿನ ಯಾವುದಾದರೊಂದು ಪೋರ್ಟ್‌ನಲ್ಲಿ (ಸಂಪರ್ಕಕ್ಕೆಂದು ಸಂಖ್ಯೆ ಕೊಟ್ಟ ಬಾಗಿಲಿನಲ್ಲಿ) ಕಾದಿರುತ್ತದೆ, ಬ್ರೌಸರ್ ಅದನ್ನು ಅಲ್ಲಿಯೇ ಹುಡುಕುತ್ತದೆ. ಬ್ರೌಸರ್ ರಿಮೋಟ್ ಸೆಷನ್‌ನೊಳಗೆ ನಡೆಯುತ್ತಿದ್ದರೆ, 127.0.0.1 ಎಂದರೆ ಕುಮಟೆಯ ಕೌಂಟರ್ ಯಂತ್ರವಲ್ಲ, ಶಿರಸಿಯ ಸರ್ವರ್. ಯುಎಸ್‌ಬಿ ಸಾಧನವನ್ನು ಸರ್ವರ್‌ಗೆ ಹಾಯಿಸಿದರೂ, ಒಂದೇ ಹೋಸ್ಟ್‌ನಲ್ಲಿ ಇಪ್ಪತ್ತು ಮಂದಿ ಇರುವಾಗ ಯಾರ ಬ್ರೌಸರ್ ಯಾರ ಸಾಧನವನ್ನು ತಲುಪುತ್ತದೆ ಎಂಬ ಖಾತರಿ ಇರುವುದಿಲ್ಲ. ಹಣದ ವ್ಯವಹಾರದಲ್ಲಿ ಈ ಅನಿಶ್ಚಿತತೆಯನ್ನು ಖಂಡಿತ ಒಪ್ಪಬಾರದು. ಬೆರಳಚ್ಚಿನ ಕೌಂಟರ್‌ಗಳಿಗೆ ಮಾತ್ರ ಹೊಸ ಯಂತ್ರ ಕೊಟ್ಟು ಆ ಸೇವೆಯನ್ನು ಸ್ಥಳೀಯ ಬ್ರೌಸರ್‌ನಲ್ಲಿಯೇ ಉಳಿಸಿಕೊಳ್ಳಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗಳ ವಿಷಯದಲ್ಲಿಯೂ ಒಂದು ಮಾತು: ಟೋಕನ್ನನ್ನು ಸರ್ವರ್‌ಗೇ ಚುಚ್ಚಿಟ್ಟರೆ ರಿಮೋಟ್ ಸೆಷನ್‌ಗೆ ಅದು ಕಾಣುವುದಿಲ್ಲ, ಬಳಸುವವರ ಮುಂದಿನ ಯಂತ್ರಕ್ಕೆ ಜೋಡಿಸಿ, ಸ್ಮಾರ್ಟ್ ಕಾರ್ಡ್ (ವಿಂಡೋಸ್ ಟೋಕನ್ನನ್ನು ಹಾಗೆಂದೇ ಕಾಣುತ್ತದೆ) ಹಾಯಿಸುವ ಆಯ್ಕೆಯನ್ನು ತೆರೆದಿಡಬೇಕು.

ಕನ್ನಡದ ಬಗ್ಗೆ ಮಾರಾಟಗಾರರು ಏನೂ ಹೇಳಿರಲಾರರು. ವಿಂಡೋಸ್‌ನೊಡನೆ ಬರುವ ಮುಖ್ಯ ಕನ್ನಡ ಕೀಲಿಮಣೆ ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು, ನಿಮ್ಮ ಸಿಬ್ಬಂದಿ ಬಹುಶಃ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಕೆ.ಪಿ. ರಾವ್ ವಿನ್ಯಾಸದಲ್ಲಿ ಬೆರಳಾಡಿಸಿದವರು. ನುಡಿಯನ್ನು ಶಾಖೆಯ ಯಂತ್ರದಲ್ಲಿ ಇಟ್ಟುಕೊಂಡು ಸೆಷನ್‌ನೊಳಗೆ ಟೈಪ್ ಮಾಡುವ ಬದಲು ಸೆಷನ್ ಹೋಸ್ಟ್‌ನಲ್ಲಿಯೇ ಹಾಕಿ, ಏಕೆಂದರೆ ರಿಮೋಟ್ ಸಂಪರ್ಕ ಸಾಮಾನ್ಯವಾಗಿ ಒಯ್ಯುವುದು ಯಾವ ಕೀಲಿ ಒತ್ತಿದಿರಿ ಎಂಬ ಸಂಕೇತವನ್ನು, ಮೂಡಿದ ಅಕ್ಷರವನ್ನಲ್ಲ. ಒಂದೇ ಹೋಸ್ಟ್‌ನಲ್ಲಿ ಇಬ್ಬರು ಏಕಕಾಲಕ್ಕೆ ಕನ್ನಡ ಟೈಪ್ ಮಾಡಿ ನೋಡಿದ ಮೇಲೆಯೇ ಮುಂದುವರಿಯಿರಿ. ಹಳೆಯ ನೋಟಿಸ್‌ಗಳು ಯೂನಿಕೋಡ್‌ಗೂ ಮುಂಚಿನ ನುಡಿ ಫಾಂಟ್‌ಗಳಲ್ಲಿದ್ದರೆ ಆ ಫಾಂಟ್‌ಗಳನ್ನೂ ಎಲ್ಲ ಬಳಕೆದಾರರಿಗೆ ಅನ್ವಯವಾಗುವಂತೆ ಹಾಕಬೇಕು. ಸಾಮಾನ್ಯ ಬಳಕೆದಾರರು ತಾವೇ ಹಾಕಿಕೊಂಡ ಫಾಂಟ್ ಅವರ ಪ್ರೊಫೈಲ್‌ನಲ್ಲಿ ಕೂರುತ್ತದೆ, ಪಕ್ಕದ ಮೇಜಿನವರಿಗೆ ಅದೇ ನೋಟಿಸ್ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ವಿಂಡೋಸ್‌ನ ಹಳೆಯ ಕನ್ನಡ ಫಾಂಟ್ ಆದ ತುಂಗ ಕೂಡ ವಿಂಡೋಸ್ 10ರಿಂದೀಚೆಗೆ ಐಚ್ಛಿಕ ಭಾಗವಾಗಿದೆ, ಮರೆಯದೆ ಸೇರಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಬೆರಳಚ್ಚಿನ ವಿಷಯ ನಮ್ಮ ಪ್ರಸ್ತಾವದಲ್ಲಿ ಎಲ್ಲಿಯೂ ಇರಲಿಲ್ಲ. ಸೆಷನ್ ವ್ಯವಸ್ಥೆಗೇ ಹೋಗುವುದಾದರೆ ಲೈಸೆನ್ಸ್ ಹೇಗೆ ಕೊಳ್ಳಬೇಕು, ಮತ್ತು ಮಳೆಗಾಲದಲ್ಲಿ ಫೈಬರ್ ಕಡಿದು ಶಾಖೆಯ ಸಂಪರ್ಕ ಹೋದಾಗ ಏನಾಗುತ್ತದೆ ಎಂಬ ಎರಡು ಸಂದೇಹಗಳು ಉಳಿದಿವೆ. ಘಟ್ಟದ ಶಾಖೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಆಗಾಗ ನಡೆಯುವ ಸಂಗತಿ.

ಉತ್ತರ 3 (ಮೈಸೂರಿನಿಂದ)

ಲೈಸೆನ್ಸ್ ಬಗ್ಗೆ ಮಾತ್ರ ಬರೆಯುತ್ತೇನೆ. ಸೆಷನ್ ವ್ಯವಸ್ಥೆಯಲ್ಲಿ ವಿಂಡೋಸ್ ಸರ್ವರ್‌ನ ಲೈಸೆನ್ಸ್ ಅಲ್ಲದೆ, ಪ್ರತಿಯೊಬ್ಬರಿಗೂ ಅಥವಾ ಪ್ರತಿ ಸಾಧನಕ್ಕೂ ಸರ್ವರ್ ಕ್ಯಾಲ್ (ಸರ್ವರ್ ಬಳಸುವ ಹಕ್ಕಿನ ಲೈಸೆನ್ಸ್) ಒಂದು, ಆರ್‌ಡಿಎಸ್ ಕ್ಯಾಲ್ ಇನ್ನೊಂದು ಬೇಕು. ಒಂದೇ ಯಂತ್ರವನ್ನು ಇಬ್ಬರು ಮೂವರು ಹಂಚಿಕೊಳ್ಳುವ ಕಡೆ ಸಾಧನದ ಲೆಕ್ಕದಲ್ಲಿ ಕೊಂಡರೆ ಉಳಿತಾಯವಾಗುತ್ತದೆ. ಇಲ್ಲಿ ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ: ಈ ಆರ್‌ಡಿಎಸ್ ಕ್ಯಾಲ್‌ಗಳನ್ನು ಹಂಚುವ ಲೈಸೆನ್ಸ್ ಸರ್ವರ್ ಇಲ್ಲದೆಯೂ ಸೆಷನ್ ಹೋಸ್ಟ್ 120 ದಿನ ಯಾವ ತಕರಾರೂ ಇಲ್ಲದೆ ನಡೆಯುತ್ತದೆ. ಗುತ್ತಿಗೆದಾರರು ಕೆಲಸ ಮುಗಿಸಿ, ಬಿಲ್ಲಿನ ಹಣ ಪಡೆದು ಹೋದ ಬಳಿಕ ಒಂದು ಬೆಳಿಗ್ಗೆ ಯಾರಿಗೂ ಲಾಗಿನ್ ಆಗದಂತಾಗುವುದು ಇದರಿಂದಲೇ. ಲೈಸೆನ್ಸ್ ಸರ್ವರ್ ಸಕ್ರಿಯವಾಗಿದೆ ಎಂಬುದನ್ನು ಅಂತಿಮ ಪಾವತಿಯ ಷರತ್ತಾಗಿ ಬರೆಯಿಸಿಕೊಳ್ಳಿ.

ವಿಂಡೋಸ್ ಸರ್ವರ್‌ನ ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ ಸರ್ವರ್ ಯಂತ್ರದ ಎಲ್ಲ ಕೋರ್‌ಗಳಿಗೂ ಒಮ್ಮೆ ಲೈಸೆನ್ಸ್ ಕೊಂಡರೆ ಎರಡು ವರ್ಚುವಲ್ ಯಂತ್ರಗಳಿಗೆ ಹಕ್ಕು ಸಿಗುತ್ತದೆ. ಸೆಷನ್ ಹೋಸ್ಟ್‌ಗಳು, ಲಾಗಿನ್‌ಗಳನ್ನು ನೋಡಿಕೊಳ್ಳುವ ಡೊಮೈನ್ ಕಂಟ್ರೋಲರ್, ಕಡತದ ಸರ್ವರ್ ಎಲ್ಲ ಸೇರಿ ಏಳೆಂಟು ಯಂತ್ರಗಳಾಗುವಾಗ, ಎರಡನೆಯ ಸರ್ವರ್‌ಗೂ ಅಷ್ಟೇ ಬೇಕಾಗುವಾಗ, ಎಷ್ಟು ವರ್ಚುವಲ್ ಯಂತ್ರಗಳಿಗಾದರೂ ಹಕ್ಕು ಕೊಡುವ ಡೇಟಾಸೆಂಟರ್ ಆವೃತ್ತಿಯ ಬೆಲೆಯನ್ನೂ ಕೇಳಿ ಹೋಲಿಸಿ. ಮೈಕ್ರೋಸಾಫ್ಟ್ 365 ಬಳಸುವುದಾದರೆ ಬಿಸಿನೆಸ್ ಸ್ಟ್ಯಾಂಡರ್ಡ್ ಯೋಜನೆಯ ಎಕ್ಸೆಲ್, ವರ್ಡ್‌ಗಳು ಹಂಚಿಕೆಯ ಸರ್ವರ್ ಮೇಲೆ ನಡೆಯುವುದಿಲ್ಲ, ಬಿಸಿನೆಸ್ ಪ್ರೀಮಿಯಂ ಬೇಕಾಗುತ್ತದೆ. ಪತ್ರ ಮತ್ತು ಸರಳ ಪಟ್ಟಿಗಳಷ್ಟೇ ಇದ್ದರೆ ಲಿಬ್ರೆ ಆಫೀಸ್ ಸಾಕು. ಆರ್‌ಡಿಎಸ್ ಕ್ಯಾಲ್ ಇದ್ದವರಿಗೆ ಬಳಕೆದಾರರ ಪ್ರೊಫೈಲ್‌ಗಳನ್ನು (ಅವರವರ ಕಡತ, ಹೊಂದಾಣಿಕೆಗಳನ್ನು) ನಿರ್ವಹಿಸುವ ಎಫ್‌ಎಸ್‌ಲಾಜಿಕ್ಸ್ ಬಳಸುವ ಹಕ್ಕು ಬೇರೆ ವೆಚ್ಚವಿಲ್ಲದೆ ಸಿಗುತ್ತದೆ. ಇದರಿಂದ ಯಾವ ಹೋಸ್ಟ್‌ಗೆ ಲಾಗಿನ್ ಆದರೂ ಅವರವರ ಪ್ರೊಫೈಲ್ ಒಂದು ಡಿಸ್ಕ್ ಕಡತವಾಗಿ ಹಿಂದೆಯೇ ಬರುತ್ತದೆ. ಆ ಕಡತಗಳನ್ನು ಆಂಟಿವೈರಸ್ ಪರಿಶೀಲನೆಯಿಂದ ಹೊರಗಿಡದಿದ್ದರೆ ಲಾಗಿನ್ ನಿಧಾನವಾಗುತ್ತದೆ.

ಉತ್ತರ 1 ಬರೆದವರು

ಸಂಪರ್ಕದ ಬಗ್ಗೆ ನನಗೆ ತಿಳಿದದ್ದನ್ನು ಸೇರಿಸುತ್ತೇನೆ. ಲೈನ್ ಕಡಿದರೂ ಸೆಷನ್ ಸಾಯುವುದಿಲ್ಲ. ಗುಮಾಸ್ತರು ಅರ್ಧ ತುಂಬಿದ ಓಚರ್ ಸರ್ವರ್‌ನಲ್ಲಿ ಹಾಗೆಯೇ ತೆರೆದಿರುತ್ತದೆ, ಮತ್ತೆ ಲಾಗಿನ್ ಆದಾಗ ಕರ್ಸರ್ ಬಿಟ್ಟ ಜಾಗದಲ್ಲಿಯೇ ಸಿಗುತ್ತದೆ. ಇದಕ್ಕಾಗಿ ಸಂಪರ್ಕ ತಪ್ಪಿದ ಸೆಷನ್‌ಗಳನ್ನು ಕೂಡಲೇ ಮುಚ್ಚುವಂತೆ ಅವಧಿ ಇಡಬೇಡಿ, ಒಂದೆರಡು ಗಂಟೆ ಬಿಡಿ. ಆದರೆ ಸಂಪರ್ಕ ಇಲ್ಲದಷ್ಟು ಹೊತ್ತು ಶಾಖೆಯಲ್ಲಿ ಏನೂ ನಡೆಯುವುದಿಲ್ಲ ಎಂಬುದನ್ನು ಮಂಡಳಿಗೆ ಮುಂಚಿತವಾಗಿಯೇ ತಿಳಿಸಬೇಕು. ಪ್ರತಿ ಶಾಖೆಗೂ ಬೇರೆ ಕಂಪನಿಯ 4ಜಿ ಸಂಪರ್ಕವೊಂದು ತಾನಾಗಿ ಬದಲಾಗುವ ರೂಟರ್‌ನೊಡನೆ ಇರಲಿ. ಹಗುರ ಕೆಲಸಕ್ಕೆ ತಲಾ 1.5 ಎಂಬಿಪಿಎಸ್ ಎಂಬ ಮೈಕ್ರೋಸಾಫ್ಟ್‌ನ ಅಂದಾಜಿನಂತೆ ಆರು ಮಂದಿಯ ಶಾಖೆಗೆ 9 ಎಂಬಿಪಿಎಸ್ ಸಾಕು. ವೇಗಕ್ಕಿಂತ ಮುಖ್ಯವಾದದ್ದು ವಿಳಂಬ: ಹೋಗಿ ಬರುವ ಸಮಯ 150 ಮಿಲಿಸೆಕೆಂಡ್ ದಾಟಿದರೆ ಟೈಪ್ ಮಾಡಿದ ಅಕ್ಷರ ಬೆರಳಿಗಿಂತ ಹಿಂದೆ ಬೀಳುತ್ತದೆ.

4ಜಿ ಮೂಲಕ ಬರುವವರಿಗೆಂದು ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟನ್ನು ಅಂತರ್ಜಾಲಕ್ಕೆ ತೆರೆದಿಡುವ ಕೆಲಸ ಮಾತ್ರ ಯಾವ ಕಾರಣಕ್ಕೂ ಆಗಕೂಡದು. 2019ರ ಬ್ಲೂಕೀಪ್ ದೋಷದಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಈ ದಾರಿಯಲ್ಲಿ ಒಳನುಗ್ಗಲು ಸಾಧ್ಯವಿತ್ತು. ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಅಥವಾ 443 ಪೋರ್ಟ್‌ನಲ್ಲಿ ನಡೆಯುವ ಆರ್‌ಡಿ (ರಿಮೋಟ್ ಡೆಸ್ಕ್‌ಟಾಪ್) ಗೇಟ್‌ವೇ ಮೂಲಕ, ಎರಡನೆಯ ದೃಢೀಕರಣದೊಡನೆ ಮಾತ್ರ ಒಳಬಿಡಿ. ಲಾಗ್‌ಗಳನ್ನು (ಯಂತ್ರಗಳ ಚಟುವಟಿಕೆಯ ದಾಖಲೆಗಳನ್ನು) 180 ದಿನ ಉಳಿಸಬೇಕು, ಸೈಬರ್ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್‌ನ ನಿರ್ದೇಶನ ಹೇಳುತ್ತದೆ. ಅದಕ್ಕೆ ಬೇಕಾದ ಡಿಸ್ಕ್ ಜಾಗವನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಶಾಖೆಯ ಹಳೆಯ ಯಂತ್ರಗಳಲ್ಲಿ ವಿಂಡೋಸ್ 10 ಉಳಿಸಿಕೊಳ್ಳದೆ, ಒಂದು ಹಗುರ ಲಿನಕ್ಸ್ ಹಾಕಿ ರೆಮಿನಾದಂಥ ತಂತ್ರಾಂಶದಿಂದ ಸೆಷನ್ ತೆರೆಯುವಂತೆ ಮಾಡಬಹುದು.

ಮೊದಲ ಪ್ರಯೋಗಕ್ಕೆ ಪ್ರಧಾನ ಕಚೇರಿಯನ್ನು ಆರಿಸಬೇಡಿ, ಅಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಘಟ್ಟದ ಮೇಲೆ ಲೈನ್ ದುರ್ಬಲವಾಗಿರುವ, ಪಾಸ್‌ಬುಕ್ ಪ್ರಿಂಟರ್ ಇರುವ ಒಂದು ಶಾಖೆಯನ್ನು ಆರಿಸಿ, ತಿಂಗಳ ಕೊನೆಯ ಬಡ್ಡಿ ಲೆಕ್ಕದ ದಿನಗಳೂ ಸೇರುವಂತೆ ಪೂರ್ತಿ ಒಂದು ತಿಂಗಳು ನಡೆಸಿ. ಆ ತಿಂಗಳ ಮೆಮೊರಿ ಮತ್ತು ಡಿಸ್ಕ್ ಬಳಕೆಯ ಅಂಕಿಗಳನ್ನು ಇಲ್ಲಿ ಹಾಕಿದರೆ, ಎರಡೂ ಸರ್ವರ್‌ಗಳ ಗಾತ್ರವನ್ನು ಕೂಡಿಯೇ ನಿರ್ಧರಿಸೋಣ.