ಕನ್ನಡ ಬ್ಲಾಗಿಗೆ ಹೊಸ ಸೇವೆ ಜೋಡಿಸುವ ಮುನ್ನ ಏನೇನು ಪರೀಕ್ಷಿಸಬೇಕು?

ಹೊಂಬಾಳೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬ್ಲಾಗರ್‌ನಲ್ಲಿ ಕೈತೋಟ, ಅಡುಗೆ ಕುರಿತ ಕನ್ನಡ ಬ್ಲಾಗ್ ಇದೆ, ನಾನೂರರಷ್ಟು ಬರಹ. ಈಗ ಎರಡು ಕೆಲಸ ಬಾಕಿ. ಫೀಡ್‌ಬರ್ನರ್ 2021ರ ಜುಲೈನಲ್ಲಿ ಇಮೇಲ್ ಚಂದಾ ನಿಲ್ಲಿಸಿದ ಮೇಲೆ ಓದುಗರಿಗೆ ಹೊಸ ಬರಹ ಇಮೇಲಿನಲ್ಲಿ ಹೋಗುತ್ತಿಲ್ಲ, ಅದಕ್ಕೊಂದು ವ್ಯವಸ್ಥೆ ಆಗಬೇಕು. ಜೊತೆಗೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೆಯ ವರ್ಡ್ ಕಡತಗಳನ್ನೂ ಕೆಲವು ಮುದ್ರಿತ ಪುಟಗಳನ್ನೂ ಯೂನಿಕೋಡಿಗೆ ತಂದು ಬ್ಲಾಗಿಗೆ ಏರಿಸಬೇಕು.

ಹುಡುಕಿದರೆ ಸೇವೆಗಳು ರಾಶಿ ರಾಶಿ ಸಿಗುತ್ತವೆ, ಇಂಗ್ಲಿಷಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಕನ್ನಡದಲ್ಲಿ ಸರಿಯಾಗಿ ನಡೆಯುತ್ತದೆಯೋ ಇಲ್ಲವೋ ಎಂದು ಬ್ಲಾಗ್ ಜೋಡಿಸುವ ಮೊದಲೇ ತಿಳಿಯುವುದು ಹೇಗೆ? ಗೂಗಲ್ ಖಾತೆಯಿಂದ ಒಳಬನ್ನಿ ಎನ್ನುವ ಕಡೆ ಯಾವುದಕ್ಕೆ ಒಪ್ಪಬಹುದು, ಯಾವುದಕ್ಕೆ ಒಪ್ಪಬಾರದು?

ಒತ್ತಕ್ಷರ:

ಹೊಂಬಾಳೆಯವರೇ, ಮೊದಲು ಒಂದು ಪರೀಕ್ಷಾ ಸಾಲು ಮಾಡಿಟ್ಟುಕೊಳ್ಳಿ. ಯಾವ ಹೊಸ ಸೇವೆ ಕಂಡರೂ ಮೊದಲು ಈ ಸಾಲನ್ನೇ ಹಾಕಿ ನೋಡಿ:

ಸಾಫ್ಟ್‌ವೇರ್ ಪಿಎಚ್‌ಡಿ ರ‍್ಯಾಂಕ್ ಸ್ವಾತಂತ್ರ್ಯ ಕಾರ್ಯಕ್ರಮ ಶ್ರೀ ಫ಼ೋನ್ ಕೋಳಿ ೧೨೩೪ ₹50

ಒಂದೊಂದು ಪದಕ್ಕೂ ಕಾರಣ ಇದೆ. ‘ಸಾಫ್ಟ್‌ವೇರ್’ನಲ್ಲಿ ಟ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇದೆ. ಅದಕ್ಕೆ ಜ಼ೀರೋ ವಿಡ್ತ್ ನಾನ್ ಜಾಯ್ನರ್ ಅನ್ನುತ್ತಾರೆ, ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವುದು ಅದೇ. ಬರಹವನ್ನು ‘ಶುಚಿಗೊಳಿಸುವ’ ಎಷ್ಟೋ ಉಪಕರಣಗಳು ಕಾಣದ ಚಿಹ್ನೆಗಳನ್ನೆಲ್ಲ ಕಸವೆಂದು ತೆಗೆದುಬಿಡುತ್ತವೆ. ಆಗ ಅದು ‘ಸಾಫ್ಟ್ವೇರ್’ ಆಗುತ್ತದೆ. ‘ರ‍್ಯಾಂಕ್’ನಲ್ಲಿ ಇರುವುದು ಅದರ ಜೋಡಿ, ಜ಼ೀರೋ ವಿಡ್ತ್ ಜಾಯ್ನರ್. ಅದು ಹೋದರೆ ರಕಾರ ಅರ್ಕಾವತ್ತಾಗಿ ‘ರ್ಯಾಂಕ್’ ಎಂದು ಕಾಣುತ್ತದೆ. ‘ಕೋಳಿ’ಯ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಮೂರು ಬಿಡಿ ಚಿಹ್ನೆಗಳಾಗಿಯೂ ಇಡಬಹುದು. ನೋಡಲು ಎರಡೂ ಒಂದೇ, ಆದರೆ ಹುಡುಕುವ ಸೌಲಭ್ಯ ಇವೆರಡನ್ನು ಸರಿದೂಗಿಸದಿದ್ದರೆ ಇದ್ದ ಬರಹವೂ ಸಿಗುವುದಿಲ್ಲ.

ಪರೀಕ್ಷೆ ಹೀಗೆ: ಕರಡು ತೆರೆದು ಸಾಲನ್ನು ಅಂಟಿಸಿ, ಉಳಿಸಿ, ಪುಟ ಮುಚ್ಚಿ. ಮತ್ತೆ ತೆರೆದು ನಕಲು ಮಾಡಿ ನೋಟ್‌ಪ್ಯಾಡಿಗೆ ಹಾಕಿ ಮೂಲದ ಜೊತೆ ಹೋಲಿಸಿ. ಶೀರ್ಷಿಕೆ, ಟ್ಯಾಗ್, ಸಾರಾಂಶದ ಜಾಗಗಳಲ್ಲೂ ಇದನ್ನೇ ಮಾಡಿ, ತೊಂದರೆ ಹೆಚ್ಚಾಗಿ ಬರುವುದು ಅಲ್ಲೇ. ಸಾರಾಂಶವನ್ನು ಬೈಟ್ ಲೆಕ್ಕದಲ್ಲಿ ಕತ್ತರಿಸುವ ಸೇವೆ ‘ಸ್ವಾತಂತ್’ ಎಂದು ನಡುವೆಯೇ ನಿಲ್ಲಿಸುತ್ತದೆ, ಅಥವಾ ಕೊನೆಯಲ್ಲಿ ಪ್ರಶ್ನಾರ್ಥಕ ಇರುವ ಕಪ್ಪು ವಜ್ರದ ಗುರುತು ಬಿಡುತ್ತದೆ.

ಬರಹದಿಂದ ಚಿತ್ರ ಮಾಡಿಕೊಡುವ ಸೇವೆಗಳಲ್ಲಿ ‘ಶ್ರೀ’ ಮತ್ತು ‘ಸ್ವಾತಂತ್ರ್ಯ’ ನೋಡಿ. ಒತ್ತು ಕೆಳಗೆ ಬಾರದೆ ಪಕ್ಕಕ್ಕೆ ನಿಂತಿದ್ದರೆ ಅವರ ಸರ್ವರಿನಲ್ಲಿ ಅಕ್ಷರ ಜೋಡಿಸುವ ತಂತ್ರಾಂಶವೇ ಇಲ್ಲ ಎಂದರ್ಥ. ಫಾಂಟ್ ಬದಲಿಸಿದರೂ ಅದು ಸರಿಹೋಗುವುದಿಲ್ಲ, ಆ ಸೇವೆ ಬಿಟ್ಟುಬಿಡಿ. ಪಿಡಿಎಫ್ ಮಾಡಿಕೊಡುವುದಾದರೆ ಕಣ್ಣಿಗೆ ಸರಿ ಕಂಡರೆ ಸಾಲದು. ಅದರಿಂದ ಒಂದು ಸಾಲು ನಕಲು ಮಾಡಿ ಬೇರೆಡೆ ಅಂಟಿಸಿ, ಅಕ್ಷರಗಳು ಚೆಲ್ಲಾಪಿಲ್ಲಿ ಆಗಿದ್ದರೆ ಆ ಪಿಡಿಎಫ್‌ನಲ್ಲಿ ಯಾರೂ ಏನೂ ಹುಡುಕಲಾರರು.

ಹೊಸ ಥೀಮ್ ಹಾಕಿದಾಗ ಲೆಟರ್-ಸ್ಪೇಸಿಂಗ್ ಎಷ್ಟಿದೆ ನೋಡಿ, ಕನ್ನಡಕ್ಕೆ ಅದು ಸೊನ್ನೆಯೇ ಇರಬೇಕು. ಸಾಲಿನ ಎತ್ತರ 1.6ಕ್ಕಿಂತ ಕಡಿಮೆ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಸೇತುಬಂಧ:

ಇಮೇಲ್ ವಿಚಾರಕ್ಕೆ ಬರುತ್ತೇನೆ. ಬ್ಲಾಗರ್ ತಾನಾಗಿಯೇ ಫೀಡ್, ಅಂದರೆ ಹೊಸ ಬರಹಗಳನ್ನು ಬೇರೆ ಸೇವೆಗಳು ಓದಿಕೊಳ್ಳುವಂಥ ಪಟ್ಟಿ, ಕೊಡುತ್ತದೆ. ಬ್ಲಾಗಿನ ವಿಳಾಸದ ಮುಂದೆ ಫೀಡ್ಸ್, ಪೋಸ್ಟ್ಸ್, ಡೀಫಾಲ್ಟ್ ಎಂಬ ಮೂರು ಇಂಗ್ಲಿಷ್ ಪದಗಳನ್ನು ಓರೆಗೆರೆ ಹಾಕಿ ಬರೆದರೆ ಅದೇ ಫೀಡಿನ ವಿಳಾಸ. ಫೀಡ್ ಓದಿ ಇಮೇಲ್ ಮಾಡುವ ಯಾವ ಸೇವೆಗೂ ಕೊಡಬೇಕಾದ್ದು ಇದೊಂದೇ. ಇಷ್ಟಕ್ಕೆ ನಿಮ್ಮ ಪಾಸ್‌ವರ್ಡಾಗಲೀ ಗೂಗಲ್ ಖಾತೆಯ ಅನುಮತಿಯಾಗಲೀ ಬೇಕಿಲ್ಲ. ಕೇಳಿದರೆ ಯಾಕೆಂದು ವಿಚಾರಿಸಿ.

ಬ್ಲಾಗರ್ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಫೀಡ್ ವಿಭಾಗಕ್ಕೆ ಹೋಗಿ ಫೀಡ್ ಪೂರ್ತಿ ಹೋಗಬೇಕೋ ಜಂಪ್ ಬ್ರೇಕ್ (ಬರಹದ ನಡುವೆ ‘ಮುಂದೆ ಓದಿ’ ಕೊಂಡಿ ಬರುವ ಜಾಗ) ತನಕವೋ ಆಯ್ದುಕೊಳ್ಳಿ. ಕನ್ನಡಕ್ಕೆ ಜಂಪ್ ಬ್ರೇಕ್ ವಾಸಿ. ಜಿಮೇಲ್ ಸುಮಾರು 102 ಕೆಬಿ ದಾಟಿದ ಸಂದೇಶವನ್ನು ಅಲ್ಲಿಗೇ ಕತ್ತರಿಸಿ, ಪೂರ್ತಿ ನೋಡಲು ಕೊಂಡಿ ಒತ್ತಿ ಎನ್ನುತ್ತದೆ. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕಾದರೆ ಕನ್ನಡದ ಪ್ರತಿ ಚಿಹ್ನೆಗೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು, ಹಾಗಾಗಿ ನಮ್ಮ ಉದ್ದ ಬರಹಗಳು ಬೇಗ ಆ ಮಿತಿ ಮುಟ್ಟುತ್ತವೆ. ಕತ್ತರಿಸಿದ ಭಾಗದಲ್ಲಿ ಚಂದಾ ರದ್ದತಿಯ ಕೊಂಡಿಯೂ ಮರೆಯಾಗುತ್ತದೆ. ಅದು ಸಿಗದ ಓದುಗರು ಸ್ಪ್ಯಾಮ್ ಎಂದು ಗುರುತು ಹಾಕುತ್ತಾರೆ.

ಕಳಿಸುವವರ ವಿಳಾಸವಾಗಿ ನಿಮ್ಮ ಜಿಮೇಲ್ ವಿಳಾಸವನ್ನು ಮೂರನೆಯವರ ಸೇವೆಯಲ್ಲಿ ಹಾಕಬೇಡಿ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಜಿಮೇಲ್ ಹೆಸರಲ್ಲಿ ಬೇರೆ ಸರ್ವರಿನಿಂದ ಹೊರಟ ಪತ್ರ ಸ್ಪ್ಯಾಮ್ ಡಬ್ಬಿಗೆ ಬೀಳುವ ಸಂಭವ ಹೆಚ್ಚು. ಸ್ವಂತ ಡೊಮೈನ್ ಇದ್ದರೆ ಅದರ ಡಿಎನ್‌ಎಸ್‌ಗೆ ಆ ಸೇವೆ ಕೊಡುವ ಎಸ್‌ಪಿಎಫ್, ಡಿಕೆಐಎಂ ದಾಖಲೆಗಳನ್ನು ಸೇರಿಸಿ, ಪತ್ರ ನಿಮ್ಮ ಡೊಮೈನಿನ ಒಪ್ಪಿಗೆಯಿಂದಲೇ ಹೊರಟಿದೆ ಎಂದು ತೋರಿಸುವುದು ಅವೇ. ಸರಿಯಾಗಿದೆಯೇ ಎಂದು ನೋಡಲು ನಿಮಗೇ ಒಂದು ಪತ್ರ ಕಳಿಸಿಕೊಂಡು, ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಆರಿಸಿ. ಎರಡರ ಎದುರೂ ‘ಪಾಸ್’ ಎಂದಿರಬೇಕು. ಡೊಮೈನ್ ಇಲ್ಲದಿದ್ದರೆ ಆ ಸೇವೆಯವರದ್ದೇ ವಿಳಾಸದಿಂದ ಹೋಗಲಿ, ಹೆಸರಿನ ಜಾಗದಲ್ಲಿ ಬ್ಲಾಗಿನ ಹೆಸರು ಕನ್ನಡದಲ್ಲಿ ಇದ್ದರಾಯಿತು.

ಹಳೆಯ ಚಂದಾದಾರರ ಪಟ್ಟಿ ಇದ್ದರೂ ಸಾರಾಸಗಟಾಗಿ ಹೊಸ ಸೇವೆಗೆ ಸುರಿಯಬೇಡಿ. ಇಷ್ಟು ವರ್ಷದ ಮೇಲೆ ಎಷ್ಟೋ ವಿಳಾಸಗಳು ಸತ್ತಿರುತ್ತವೆ, ಪತ್ರ ಹಿಂದಿರುಗುವ ಪ್ರಮಾಣ ಏರಿದರೆ ಖಾತೆಯನ್ನೇ ತಡೆಹಿಡಿಯುತ್ತಾರೆ. ಬ್ಲಾಗಿನಲ್ಲೇ ಚಂದಾ ಪೆಟ್ಟಿಗೆ ಹಾಕಿ ಹೊಸದಾಗಿ ಒಪ್ಪಿಗೆ ಪಡೆಯುವುದು ಸರಿ.

ಹಳೆಕಡತ:

ನುಡಿ ಕಡತಗಳ ಬಗ್ಗೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕಂಪ್ಯೂಟರಿನ ಮಟ್ಟಿಗೆ ಇರುವುದು ಇಂಗ್ಲಿಷ್ ಸಂಕೇತಗಳೇ. ಅವಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟ್. ಪರಿವರ್ತಕದ ತೊಂದರೆಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ. ಕಡತದಲ್ಲಿ ನಡುನಡುವೆ ನಿಜವಾದ ಇಂಗ್ಲಿಷ್ ಪದ ಇದ್ದರೆ, ಬರೀ ಪಠ್ಯವಾಗಿ ನಕಲು ಮಾಡಿದ ಕೂಡಲೇ ಫಾಂಟಿನ ಗುರುತು ಹೋಗಿ ಅದೂ ಅರ್ಥವಿಲ್ಲದ ಕನ್ನಡವಾಗುತ್ತದೆ. ಅದಕ್ಕೇ ಮೊದಲು ವರ್ಡಿನ ‘ಫೈಂಡ್’ನಲ್ಲಿ ಫಾರ್ಮ್ಯಾಟ್, ಫಾಂಟ್ ಆರಿಸಿ ನುಡಿಯಲ್ಲದ ಫಾಂಟಿನ ಭಾಗಗಳನ್ನು ಹುಡುಕಿ. ಅವನ್ನು ಬೇರೆ ತೆಗೆದಿಟ್ಟು ಆ ಜಾಗದಲ್ಲಿ ಚೌಕಾವರಣದೊಳಗೆ ಒಂದು ಸಂಖ್ಯೆ ಬರೆಯಿರಿ. ಪರಿವರ್ತನೆ ಮುಗಿದ ಮೇಲೆ ಮರಳಿ ಸೇರಿಸಬಹುದು.

ಅರ್ಕಾವತ್ತು ಇನ್ನೊಂದು ತಲೆನೋವು. ಹಳೆಯ ಸಂಕೇತದಲ್ಲಿ ಅದು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ಈ ಅದಲುಬದಲು ಮಾಡದ ಪರಿವರ್ತಕ ‘ಕಾರ್ಯಕ್ರಮ’ವನ್ನು ‘ಕಾಯರ್ಕ್ರಮ’, ‘ವರ್ಷ’ವನ್ನು ‘ವಷರ್’, ‘ವಿದ್ಯಾರ್ಥಿ’ಯನ್ನು ‘ವಿದ್ಯಾಥಿರ್’ ಮಾಡುತ್ತದೆ. ಜಾಲದಲ್ಲಿ ಇಂಥ ಪುಟಗಳು ಇವತ್ತಿಗೂ ಎಷ್ಟೋ ಇವೆ. ಪರಿವರ್ತಿಸಿದ ಮೇಲೆ ‘ಯರ್’, ‘ಷರ್’, ‘ಥಿರ್’ ಎಂದು ಹುಡುಕಿ ನೋಡಿ. ಹತ್ತಾರು ಸಿಕ್ಕರೆ ತಿದ್ದುತ್ತ ಕೂರಬೇಡಿ, ಪರಿವರ್ತಕವನ್ನೇ ಬದಲಿಸಿ.

ಅಪ್ರಕಟಿತ ಬರಹವನ್ನು ಗೊತ್ತಿಲ್ಲದ ಸರ್ವರಿಗೆ ಕಳಿಸುವುದು ಬೇಡ ಎನ್ನುವುದಾದರೆ, ಪರಿವರ್ತಕದ ಪುಟ ತೆರೆದು ಅಂತರ್ಜಾಲ ಸಂಪರ್ಕ ಕಡಿದು ಒಂದು ಮಾದರಿ ಸಾಲನ್ನು ಪರಿವರ್ತಿಸಿ. ಆಗಲೂ ಕೆಲಸ ಮಾಡಿದರೆ ಪರಿವರ್ತನೆ ನಿಮ್ಮ ಬ್ರೌಸರಿನಲ್ಲೇ ನಡೆಯುತ್ತಿದೆ. ಸಂಪರ್ಕ ಕಡಿದಿರುವಾಗಲೇ ಉಳಿದದ್ದನ್ನೂ ಮುಗಿಸಿ, ಪುಟ ಮುಚ್ಚಿ, ಆಮೇಲೆ ಸಂಪರ್ಕ ಕೊಡಿ.

ಮುದ್ರಿತ ಪುಟಗಳಿಗೆ ಗೂಗಲ್ ಡ್ರೈವ್ ಸಾಕು. ಚಿತ್ರ ಏರಿಸಿ, ಬಲಗುಂಡಿ ಒತ್ತಿ ‘ಓಪನ್ ವಿತ್’ನಲ್ಲಿ ಗೂಗಲ್ ಡಾಕ್ಸ್ ಆರಿಸಿದರೆ ಚಿತ್ರದ ಕೆಳಗೆ ಪಠ್ಯ ಬರುತ್ತದೆ. ಕಡತ 2 ಎಂಬಿ ಒಳಗಿರಲಿ, ಪುಟ ನೇರವಾಗಿರಲಿ, ನೆರಳು ಬೀಳದಿರಲಿ. ಎರಡು ಅಂಕಣದ ಪುಟವಾದರೆ ಮೊದಲೇ ಎರಡು ಚಿತ್ರಗಳಾಗಿ ಕತ್ತರಿಸಿ, ಇಲ್ಲದಿದ್ದರೆ ಅಂಕಣಗಳ ಸಾಲು ಒಂದಕ್ಕೊಂದು ಬೆರೆತುಹೋಗಬಹುದು. ಫಲಿತಾಂಶದಲ್ಲಿ ದ-ಧ, ಬ-ಭ, ಪ-ಫ ಅದಲುಬದಲು ಆಗುವುದು ಸಾಮಾನ್ಯ, ಓದುವಾಗ ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಬೀಳದ್ದು ಅನುಸ್ವಾರದ ಜಾಗದಲ್ಲಿ ಬಂದು ಕೂರುವ ಕನ್ನಡ ಸೊನ್ನೆ. ‘ಅಂಗಳ’ ಮತ್ತು ‘ಅ೦ಗಳ’ ಪಕ್ಕಪಕ್ಕ ಇಟ್ಟರೂ ಎಷ್ಟೋ ಫಾಂಟುಗಳಲ್ಲಿ ವ್ಯತ್ಯಾಸ ತಿಳಿಯದು, ಆದರೆ ಎರಡನೆಯದು ಹುಡುಕಾಟದಲ್ಲಿ ಸಿಗುವುದೇ ಇಲ್ಲ. ನಿಮ್ಮ ಬರಹದಲ್ಲಿ 1, 2, 3 ಅಂಕಿಗಳನ್ನೇ ಬಳಸುವುದಾದರೆ ೦ ಇರುವ ಕಡೆಯೆಲ್ಲ ಒಂದೇ ಸಲಕ್ಕೆ ಅನುಸ್ವಾರಕ್ಕೆ ಬದಲಿಸಬಹುದು. ಅಡುಗೆ ಅಳತೆಗಳಲ್ಲಿ ಕನ್ನಡ ಅಂಕಿ ಇದ್ದರೆ ಮಾತ್ರ ಒಂದೊಂದಾಗಿ ನೋಡಬೇಕು, ೧೦೦ ಗ್ರಾಂ ಕೆಟ್ಟುಹೋಗಬಾರದು.

ಕಾವಲುಗಾರ:

ಅನುಮತಿಯ ಪ್ರಶ್ನೆಗೆ: ‘ನಿಮ್ಮ ಹೆಸರು, ಇಮೇಲ್, ಚಿತ್ರ ನೋಡುತ್ತೇವೆ’ ಎಂದಷ್ಟೇ ಇದ್ದರೆ ಅದು ಬರೀ ಒಳಬರುವ ಬಾಗಿಲು, ಒಪ್ಪಬಹುದು. ‘ನಿಮ್ಮ ಬ್ಲಾಗರ್ ಖಾತೆಯನ್ನು ನಿರ್ವಹಿಸುತ್ತೇವೆ’ ಎಂದಿದ್ದರೆ ಬರಹ ಪ್ರಕಟಿಸುವ, ತಿದ್ದುವ, ಅಳಿಸುವ ಅಧಿಕಾರವನ್ನೇ ಕೊಟ್ಟಂತೆ. ಇಮೇಲ್ ಓದುವ, ಸಂಪರ್ಕ ಪಟ್ಟಿ ನೋಡುವ ಅನುಮತಿ ಕೇಳಿದರಂತೂ ಅಲ್ಲಿಂದಲೇ ಹೊರಡಿ. ಪ್ರಯೋಗಕ್ಕೆಂದೇ ಬೇರೊಂದು ಗೂಗಲ್ ಖಾತೆ, ಅದರಲ್ಲಿ ಮೂರ್ನಾಲ್ಕು ಬರಹದ ಖಾಸಗಿ ಬ್ಲಾಗ್ ಇಟ್ಟುಕೊಳ್ಳಿ. ಕೊಟ್ಟ ಅನುಮತಿಗಳನ್ನು ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಹಿಂಪಡೆಯಬಹುದು. ಸೇವೆಯ ಖಾತೆ ಅಳಿಸಿದರೂ ಇಲ್ಲಿನ ಅನುಮತಿ ಹಾಗೇ ಉಳಿದಿರಬಹುದು, ಅದನ್ನು ನೀವೇ ತೆಗೆಯಬೇಕು.

ಸೇರುವ ಮೊದಲು ಹೊರಬರುವ ದಾರಿ ನೋಡಿ. ಗೂಗಲ್ ಪ್ಲಸ್ ಟಿಪ್ಪಣಿಗಳನ್ನು ಬ್ಲಾಗರಿಗೆ ಜೋಡಿಸಿದ್ದವರಿಗೆ 2019ರ ಫೆಬ್ರವರಿಯಲ್ಲಿ ಆ ಟಿಪ್ಪಣಿಗಳೆಲ್ಲ ಹೋದವು, ಬರಹ ಮಾತ್ರ ಉಳಿಯಿತು. ಅವರದ್ದೇ ಮನೆಯ ಎರಡು ಸೇವೆಗಳ ನಡುವೆಯೇ ಹೀಗಾಯಿತು. ಹಾಗಾಗಿ ಇಮೇಲ್ ಸೇವೆಯಲ್ಲಿ ಚಂದಾದಾರರ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಲು ಬರುತ್ತದೆಯೇ ಎಂದು ಮೊದಲ ದಿನವೇ ಎರಡು ಹೆಸರು ಹಾಕಿ ಪರೀಕ್ಷಿಸಿ. ಎಕ್ಸೆಲ್‌ನಲ್ಲಿ ನೇರ ತೆರೆದಾಗ ಕನ್ನಡ ಹೆಸರುಗಳು ಕಲಸಿದಂತೆ ಕಂಡರೆ ಕಡತ ಕೆಟ್ಟಿದೆ ಎಂದುಕೊಳ್ಳಬೇಡಿ. ಉಳಿಸದೆ ಮುಚ್ಚಿ, ‘ಡೇಟಾ’ದಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಒತ್ತಿ 65001 ಯುಟಿಎಫ್-8 ಆರಿಸಿ.

ಬ್ಲಾಗಿನದ್ದೂ ನಕಲು ಇರಲಿ. ಸೆಟ್ಟಿಂಗ್ಸ್‌ನಲ್ಲಿ ‘ಬ್ಯಾಕಪ್ ಕಂಟೆಂಟ್’ ಕೊಡುವ ಕಡತದಲ್ಲಿ ಬರಹ, ಟಿಪ್ಪಣಿ ಇರುತ್ತವೆ, ಚಿತ್ರ ಇರುವುದಿಲ್ಲ, ಚಿತ್ರದ ಕೊಂಡಿ ಮಾತ್ರ. ಅಡುಗೆ ಬ್ಲಾಗಿಗೆ ಚಿತ್ರವೇ ಅರ್ಧ, ಅವುಗಳ ಮೂಲ ಕಡತಗಳನ್ನು ಬರಹದ ಹೆಸರಿನ ಫೋಲ್ಡರುಗಳಲ್ಲಿ ಬೇರೆಯೇ ಇಡಿ. ಥೀಮ್ ಕೂಡ ಥೀಮ್ ಪುಟದಿಂದ ಪ್ರತ್ಯೇಕವಾಗಿ ಇಳಿಸಬೇಕು.

ಹೊಂಬಾಳೆ:

ತುಂಬಾ ಧನ್ಯವಾದಗಳು, ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ. ಇನ್ನೊಂದು ಮಾತು ಕೇಳಲೇ? ಬರಹಗಳ ವಿಳಾಸವೆಲ್ಲ ಬ್ಲಾಗ್-ಪೋಸ್ಟ್ ಎಂದು ಶುರುವಾಗಿ ಮುಂದೆ ಬರೀ ಅಂಕಿ ಇವೆ. ಯಾವುದು ಯಾವುದೆಂದು ನನಗೇ ತಿಳಿಯುವುದಿಲ್ಲ. ಬದಲಿಸಬೇಕೇ? ವರ್ಡ್‌ಪ್ರೆಸ್ಸಿಗೆ ಹೋದರೆ ಕನ್ನಡದಲ್ಲೇ ವಿಳಾಸ ಇಡಬಹುದಂತೆ?

ಸೇತುಬಂಧ:

ಬ್ಲಾಗರ್ ವಿಳಾಸ ಮಾಡುವಾಗ ಶೀರ್ಷಿಕೆಯ ಕನ್ನಡ ಅಕ್ಷರಗಳನ್ನೆಲ್ಲ ಬಿಟ್ಟುಬಿಡುತ್ತದೆ, ಏನೂ ಉಳಿಯದಿದ್ದಾಗ ಹಾಗೆ ಹೆಸರಿಡುತ್ತದೆ. ಮುಂದಿನ ಬರಹಗಳಿಗೆ ಪ್ರಕಟಿಸುವ ಮೊದಲೇ ಬಲಗಡೆ ‘ಪರ್ಮಾಲಿಂಕ್’ನಲ್ಲಿ ‘ಕಸ್ಟಮ್’ ಆರಿಸಿ ಇಂಗ್ಲಿಷ್ ಲಿಪಿಯಲ್ಲಿ ಮೂರ್ನಾಲ್ಕು ಪದ ಬರೆಯಿರಿ, ನಡುವೆ ಅಡ್ಡಗೆರೆ ಇರಲಿ.

ಹಳೆಯವನ್ನು ಮುಟ್ಟಬೇಡಿ. ಹೊರಗಿನಿಂದ ಬಂದ ಕೊಂಡಿಗಳೆಲ್ಲ ಮುರಿಯುತ್ತವೆ. ಹೆಚ್ಚು ಓದುವ ಹತ್ತಿಪ್ಪತ್ತನ್ನು ಬದಲಿಸಲೇಬೇಕೆಂದರೆ ಬರಹವನ್ನು ಕರಡಿಗೆ ಮರಳಿಸಿ, ವಿಳಾಸ ತಿದ್ದಿ ಮತ್ತೆ ಪ್ರಕಟಿಸಿ. ಕೂಡಲೇ ಸೆಟ್ಟಿಂಗ್ಸ್‌ನ ‘ಕಸ್ಟಮ್ ರೀಡೈರೆಕ್ಟ್ಸ್’ನಲ್ಲಿ ಹಳೆಯದರಿಂದ ಹೊಸದಕ್ಕೆ ದಾರಿ ಹಾಕಿ ‘ಪರ್ಮನೆಂಟ್’ ಗುಂಡಿ ಒತ್ತಿ.

ವರ್ಡ್‌ಪ್ರೆಸ್ಸಿನಲ್ಲಿ ಕನ್ನಡ ವಿಳಾಸ ಸಾಧ್ಯ, ಆದರೆ ಮಿತಿ 200 ಅಕ್ಷರ. ಪ್ರತಿ ಕನ್ನಡ ಚಿಹ್ನೆಯೂ ಅಲ್ಲಿ ಶೇಕಡಾ ಗುರುತು ಸೇರಿ 9 ಅಕ್ಷರವಾಗುತ್ತದೆ, ಅಂದರೆ 22 ಚಿಹ್ನೆಗೆ ಮುಗಿಯಿತು. ‘ಸ್ವಾತಂತ್ರ್ಯೋತ್ಸವ’ ಒಂದೇ ಪದ 16 ಚಿಹ್ನೆ, 144 ಅಕ್ಷರ ತಿನ್ನುತ್ತದೆ. ಎರಡನೇ ಪದ ನಡುವೆಯೇ ತುಂಡಾಗುತ್ತದೆ. ವಾಟ್ಸ್‌ಆಪಿನಲ್ಲಿ ಹಂಚಿದಾಗ ಅದೇ ವಿಳಾಸ ನಾಲ್ಕೈದು ಸಾಲಿನ ಶೇಕಡಾ ಗುರುತುಗಳ ಸರಮಾಲೆಯಾಗಿ ಕಾಣಬಹುದು. ಅಲ್ಲಿಗೆ ಹೋದರೂ ವಿಳಾಸ ಮಾತ್ರ ಇಂಗ್ಲಿಷ್ ಲಿಪಿಯಲ್ಲೇ ಇಡಿ, ಶೀರ್ಷಿಕೆ ಹೇಗೂ ಕನ್ನಡದಲ್ಲೇ ಇರುತ್ತದೆ.