ಹೊಸ ಡಿಫೆಂಡರ್‌ ಬಗ್ಗೆ ನಮ್ಮ ಕುಟುಂಬದ ಗುಂಪಿನಲ್ಲಿ ನಡೆದ ವಾದ

(ಮಾವ ಒಂದು ಚಿತ್ರ ಹಂಚಿಕೊಂಡಿದ್ದಾರೆ: ಹಳೆಯ ಮತ್ತು ಹೊಸ ಲ್ಯಾಂಡ್ ರೋವರ್ ಡಿಫೆಂಡರ್ ಅಕ್ಕಪಕ್ಕ)

ಮಾವ: ಈ ಎರಡಕ್ಕೂ ಒಂದೇ ಹೆಸರಿಟ್ಟವರಿಗೆ ಏನೆನ್ನಬೇಕೋ ತಿಳಿಯದು. 2019ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ತೋರಿಸಿದ ಈ ನುಣುಪು ಮೂಲೆಗಳ ಗಾಡಿ, ಹಳೆಯದನ್ನು ವರ್ಷಗಟ್ಟಲೆ ಓಡಿಸಿದ ನಮ್ಮಂಥವರ ಕಣ್ಣಿಗೆ ಕೆಸರಿಗೆ ಇಳಿಯುವಂಥದ್ದಾಗಿ ಕಾಣುವುದಿಲ್ಲ.

ಭಾವ: ಕಾಣದಿದ್ದರೂ ಇಳಿಯುತ್ತದೆ, ಮಾವ. ಹಳೆಯದಕ್ಕೆ ಕಂಪನಿ ಹೇಳುತ್ತಿದ್ದ, ದಾಟಬಹುದಾದ ನೀರಿನ ಆಳದ ಮಿತಿ 500 ಮಿಲಿಮೀಟರ್. ಗಾಳಿಯ ಒತ್ತಡದಿಂದ ಗಾಡಿಯನ್ನು ಮೇಲೆತ್ತುವ ಏರ್ ಸಸ್ಪೆನ್ಷನ್ ಇರುವ ಹೊಸದಕ್ಕೆ 900.

ಮಾವ: ನಾನು ಕೇಳಿದ್ದು ರೂಪದ ಬಗ್ಗೆ, ನೀವು ಅಳತೆ ಹೇಳುತ್ತಿದ್ದೀರಿ.

ನಾನು: ಆ ರೂಪ ಎಲ್ಲಿಂದ ಬಂತೆಂದು ನೋಡಿ, ಮಾವ. 1948ರಲ್ಲಿ ಡಿಫೆಂಡರ್‌ನ ಪೂರ್ವಜವಾದ ಮೊದಲ ಲ್ಯಾಂಡ್ ರೋವರ್ ಬಂದಾಗ ಯುದ್ಧದಿಂದ ಬಸವಳಿದಿದ್ದ ಬ್ರಿಟನ್ನಿನಲ್ಲಿ ಉಕ್ಕಿನ ಅಭಾವವಿದ್ದುದರಿಂದ ಹೊರಮೈಗೆ ಅಲ್ಯೂಮಿನಿಯಂ ಮಿಶ್ರಲೋಹವನ್ನು ಬಳಸಿದರು, ದುಬಾರಿ ಅಚ್ಚುಗಳಿಲ್ಲದೆಯೇ ಬಗ್ಗಿಸಬಹುದೆಂದು ತಗಡುಗಳನ್ನು ಚಪ್ಪಟೆಯಾಗಿಟ್ಟರು. ಮೊದಲ ಗಾಡಿಗಳ ಹಸಿರು ಬಣ್ಣ ಕೂಡ ಯುದ್ಧವಿಮಾನಗಳಿಗೆ ಬಳಸಿ ಉಳಿದದ್ದು. ಅದು ಅಂದಕ್ಕಾಗಿ ಬರೆದ ರೂಪವಲ್ಲ. ಹೊಸ ಡಿಫೆಂಡರ್ ಲ್ಯಾಡರ್ ಷಾಸಿಯನ್ನು, ಅಂದರೆ ಮೈಯನ್ನು ಹೊರುವ ಏಣಿಯಂಥ ಪ್ರತ್ಯೇಕ ಚೌಕಟ್ಟನ್ನು, ಬಿಟ್ಟು ಮೈ ಮತ್ತು ಚೌಕಟ್ಟು ಒಂದೇ ಆಗಿರುವ ಅಲ್ಯೂಮಿನಿಯಂ ಮಾನೊಕಾಕ್‌ಗೆ ಬಂದಮೇಲೆ, ಪಾದಚಾರಿಗಳ ಸುರಕ್ಷತೆಯ ನಿಯಮಗಳನ್ನೂ ಪಾಲಿಸಬೇಕಾದ ಮೇಲೆ, ಅದೇ ಚಪ್ಪಟೆ ಮುಖವನ್ನು ಹಾಕಿದ್ದರೆ ಅದು ಬರೀ ವೇಷವಾಗುತ್ತಿತ್ತು.

ಅಕ್ಕ: ನಿನ್ನ ವಾದಕ್ಕೆ ಮರ್ಸಿಡಿಸ್ ಜಿ-ಕ್ಲಾಸ್ ಒಪ್ಪುವುದಿಲ್ಲ. 2018ರಲ್ಲಿ ಅದನ್ನು ಬಹುಮಟ್ಟಿಗೆ ಹೊಸದಾಗಿಯೇ ಕಟ್ಟಿದರು, ಮುಂದಿನ ಗಟ್ಟಿ ಆಕ್ಸಲ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ದಂಡ) ತೆಗೆದು, ಒಂದೊಂದು ಚಕ್ರವೂ ಬೇರೆಬೇರೆಯಾಗಿ ಏರಿಳಿಯುವ ಸ್ವತಂತ್ರ ಸಸ್ಪೆನ್ಷನ್ ಕೊಟ್ಟರು, ಆದರೂ ಬಾಗಿಲಿನ ಹಿಡಿಯನ್ನು ಹಳೆಯದರಂತೆಯೇ ಉಳಿಸಿದರು. ಇಂದಿನ ಸುರಕ್ಷತಾ ನಿಯಮಗಳೊಳಗೇ ಅದು 1979ರ ಮುಖವನ್ನು ಹೊತ್ತು ತಿರುಗುತ್ತಿದೆ. ಇನ್ನು ಜೀಪ್ ರ‍್ಯಾಂಗ್ಲರ್‌ಗೆ 1987ರ ಮಾದರಿಯಲ್ಲಿ ಚೌಕ ಹೆಡ್‌ಲೈಟ್ ಕೊಟ್ಟಾಗ ಅಭಿಮಾನಿಗಳು ಬಿಡದೆ ಗೊಣಗಿದರು. 1997ರ ಮಾದರಿಗೆ ದುಂಡು ದೀಪಗಳೇ ಮರಳಿದವು. ಮಾಲೀಕರ ಅಸಮಾಧಾನವನ್ನು ಹಳೆಯದರ ಹುಚ್ಚೆಂದು ತಳ್ಳಿಹಾಕಲು ಬರುವುದಿಲ್ಲ.

ನಾನು: ಜಿ-ಕ್ಲಾಸ್ ಲ್ಯಾಡರ್ ಷಾಸಿಯನ್ನು ಬಿಡಲಿಲ್ಲ, ಅಕ್ಕ, ಒಳಗಿನ ಕಟ್ಟಡ ಉಳಿದದ್ದರಿಂದ ಹೊರಗಿನ ಮುಖವೂ ಅದಕ್ಕೆ ಒಪ್ಪಿತು. ಆದರೆ ನಿಯಮಗಳ ಮಾತಿನಲ್ಲಿ ನೀನು ಹೇಳಿದ್ದು ಸರಿ, ಅದೊಂದೇ ಕಾರಣವಾಗಲಾರದು. ಹೊಸ ಡಿಫೆಂಡರ್‌ನಲ್ಲಿ ನನಗೆ ಸಿಟ್ಟು ಬರಿಸುವುದು ಅದರ ನುಣುಪಲ್ಲ, ಪಕ್ಕದ ಹಿಂಬದಿ ಗಾಜಿನ ಮೇಲೆ ಕೂರಿಸಿರುವ, ಬಾಡಿಯದೇ ಬಣ್ಣದ ಆ ಚೌಕ ಫಲಕ. ಹಳೆಯ ಗಾಡಿಯಲ್ಲಿ ಅಗತ್ಯವಿಲ್ಲದ ತಗಡು ಇರಲಿಲ್ಲ. ಇದು ಇರುವುದೇ ನೋಟಕ್ಕಾಗಿ, ಅದೂ ಚಾಲಕನ ಹಿನ್ನೋಟಕ್ಕೆ ಅಡ್ಡವಾಗಿ.

ಮಾವ: ಅಂತೂ ಒಂದು ಫಲಕದ ಮಟ್ಟಿಗಾದರೂ ನನ್ನ ಪಕ್ಷಕ್ಕೆ ಬಂದೆಯಲ್ಲ.

ಭಾವ: ಮಾವ, ನಿಮ್ಮಂಥವರಿಗಾಗಿಯೇ ಬ್ರಿಟನ್ನಿನ ಕಂಪನಿಯಾದ ಇನಿಯೋಸ್‌ನವರು ಗ್ರೆನೇಡಿಯರ್ ಎಂಬ ಗಾಡಿ ಮಾಡಿದ್ದಾರಲ್ಲ: ಲ್ಯಾಡರ್ ಷಾಸಿ, ಗಟ್ಟಿ ಆಕ್ಸಲ್, ಚಪ್ಪಟೆ ಮೈ, ದುಂಡು ದೀಪ. ನೀವು ಕೇಳಿದ ರೂಪವೆಲ್ಲ ಅದರಲ್ಲಿದೆ.

ಮಾವ: ನೋಡಿದ್ದೇನೆ. ಅದರೊಳಗಿರುವುದು ಬಿಎಂಡಬ್ಲ್ಯು ಎಂಜಿನ್, ಮುಂದಿರುವುದು ಬೇರೆಯವರ ಹೆಸರು. ನನಗೆ ಅದು ಬೇಡ.

ಅಕ್ಕ: ಹಾಗಿದ್ದರೆ ಹೊಸದನ್ನು ಹಳೆಯದರಂತೆಯೇ ಮಾಡಿದ್ದರೂ ನೀವು ಕೊಳ್ಳುತ್ತಿರಲಿಲ್ಲ, ಮಾವ.

ಮಾವ: ಕೊಳ್ಳುತ್ತಿರಲಿಲ್ಲ. ನನ್ನದು ಇನ್ನೂ ಚೆನ್ನಾಗಿಯೇ ಓಡುತ್ತಿದೆ. ಆದರೂ ಆ ಫಲಕವನ್ನು ತೆಗೆಯಬೇಕು.