ಸೂರ್ಯ ಮಂಕಾದರೆ ನನ್ನ ರೇಡಿಯೊ ಗತಿ ಏನು? ಅನುಭವ ಇದ್ದವರು ಹೇಳಿ

ಗಂಗಾವತಿಯ ಹೊಸಬ:
ಎಲ್ಲರಿಗೂ ನಮಸ್ಕಾರ. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಕೈಗೆ ಬಂದು ಮೂರು ತಿಂಗಳಾಯಿತು. ಪರಿಚಯದ ಹಿರಿಯರೊಬ್ಬರು ತಮ್ಮ ಹಳೆ ಎಚ್‌ಎಫ್ (ಶಾರ್ಟ್‌ವೇವ್) ಸೆಟ್ ಕೊಡುತ್ತೇನೆ ಅಂದಿದ್ದಾರೆ. ಮುಂಗಡ ಕೊಡಬೇಕು ಅನ್ನುವಷ್ಟರಲ್ಲಿ ಗೆಳೆಯ ತಡೆದ. "ಸೂರ್ಯನ ಅಬ್ಬರ 2024ಕ್ಕೇ ಮುಗೀತು. ಇನ್ನು ಇಳಿಯೋದೇ. 2030ರ ಸುಮಾರಿಗೆ ಸೋಲಾರ್ ಮಿನಿಮಮ್, ಅಂದ್ರೆ ಸೂರ್ಯನ ಮೇಲೆ ಕಲೆ ತೀರಾ ಕಡಿಮೆ ಇರೋ ಕಾಲ. ಆಗ ರೇಡಿಯೊ ಬ್ಯಾಂಡ್ ಎಲ್ಲ ಸತ್ತು ಮಲಗಿರುತ್ತೆ" ಅಂತ ಅವನ ಮಾತು. ನಿಜವಾ? ಹಿಂದಿನ ಮಿನಿಮಮ್ ಕಂಡವರು ಯಾರಾದರೂ ಇದ್ದರೆ ಹೇಳಿ. ನಮ್ಮ ಮಾಳಿಗೆ ಮೇಲೆ 20 ಮೀಟರ್ ತಂತಿ ಎಳೆಯೋಕೆ ಜಾಗ ಇದೆ. ಪಕ್ಕದಲ್ಲೇ ರೈಸ್ ಮಿಲ್ಲೂ ಇದೆ, ಅದನ್ನೂ ಹೇಳಿಬಿಡುತ್ತೇನೆ.

ಬಳ್ಳಾರಿಯ ಹಳೇ ಹ್ಯಾಮ್:
ತಮ್ಮಾ, ನಿನ್ನ ಗೆಳೆಯ ಹೇಳಿದ್ದು ಅರ್ಧ ನಿಜ. ನಾನು 2008–09ರ ಮಿನಿಮಮ್ಮೂ ನೋಡಿದ್ದೇನೆ, 2019ರದ್ದೂ ನೋಡಿದ್ದೇನೆ.

2008ರಲ್ಲಿ 260ಕ್ಕೂ ಜಾಸ್ತಿ ದಿನ ಸೂರ್ಯನ ಮೇಲೆ ಒಂದು ಕಲೆಯೂ ಇರಲಿಲ್ಲ. ಆ ವರ್ಷ 10 ಮೀಟರ್ ಬ್ಯಾಂಡ್ (ಬ್ಯಾಂಡಿನ ಹೆಸರು ಅಲೆಯ ಉದ್ದದಿಂದ) ಹಾಕಿದರೆ ಬರೀ 'ಶ್‌ಶ್' ಅನ್ನೋ ಸದ್ದು. ಸೆಟ್ಟೇ ಕೆಟ್ಟಿದೆ ಅಂದುಕೊಂಡು ಕೇಬಲ್ ಬಿಚ್ಚಿ ಎರಡು ಸಲ ಬೆಸುಗೆ ಹಾಕಿದೆ. ಮೂರನೇ ಸಲ ಬೆಸುಗೆ ಕಡ್ಡಿ ಹಿಡಿದು ಕೂತಾಗ ಬೆಂಗಳೂರಿನ ಗೆಳೆಯರೊಬ್ಬರು ಫೋನ್ ಮಾಡಿ ನಕ್ಕರು. ಕೇಬಲ್‌ಗೆ ಏನೂ ಆಗಿರಲಿಲ್ಲ.

ಆಗೋದು ಇಷ್ಟೇ. ಸೂರ್ಯನ ಅಲ್ಟ್ರಾವಯೊಲೆಟ್ ಮತ್ತು ಎಕ್ಸ್‌ರೇ ಬಿದ್ದು ಮೇಲಿನ ಗಾಳಿಯ ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಬರುತ್ತವೆ. ಅದರಿಂದಲೇ ಅಯನೋಸ್ಫಿಯರ್. 250–400 ಕಿ.ಮೀ. ಎತ್ತರದಲ್ಲಿ ಇರುವ ಎಫ್ ಪದರವೇ ನಮ್ಮ ಅಲೆಗಳನ್ನು ಕೆಳಗೆ ಬಗ್ಗಿಸಿ ಕಳಿಸುತ್ತದೆ. ಕಲೆ ಕಡಿಮೆಯಾದರೆ ಆ ಬಿಸಿಲೂ ಕಡಿಮೆ, ಪದರ ತೆಳ್ಳಗಾಗುತ್ತದೆ. 10 ಮೀಟರ್ ಬ್ಯಾಂಡಿನ 28 ಮೆಗಾಹರ್ಟ್ಸ್ ಅಲೆ ಅದನ್ನು ಸೀಳಿಕೊಂಡು ಆಕಾಶಕ್ಕೆ ಹೋಗಿಬಿಡುತ್ತದೆ. ಅದಕ್ಕೇ 10 ಮೀಟರ್ ಮೊದಲು ಹೋಗುತ್ತದೆ, ಆಮೇಲೆ 15. 20 ಮೀಟರ್ ಹಗಲಲ್ಲಿ ಇರುತ್ತದೆ, ಕತ್ತಲಾಗಿ ಸ್ವಲ್ಪ ಹೊತ್ತಿಗೆ ಬಾಗಿಲು ಹಾಕುತ್ತದೆ.

40 ಮೀಟರ್ ಸಾಯಲ್ಲ. ಆದರೆ ಒಂದು ಆಟ ಆಡುತ್ತದೆ. ಹಗಲು ಬೆಂಗಳೂರು, ಹೈದರಾಬಾದ್ ಎಲ್ಲ ಪಕ್ಕದ ಮನೆಯವರ ಹಾಗೆ ಕೇಳುತ್ತಾರೆ. ರಾತ್ರಿ ಆದ ಮೇಲೆ 250 ಕಿ.ಮೀ. ದೂರದ ಬೆಂಗಳೂರು ಮಾಯ, ಸಾವಿರಾರು ಕಿ.ಮೀ. ಆಚೆಯವರು ಮಾತ್ರ ಜೋರಾಗಿ ಬರುತ್ತಾರೆ. ಪದರ ತೆಳ್ಳಗಿರುವಾಗ ನೆಟ್ಟಗೆ ಮೇಲೆ ಹೋದ ಅಲೆ ವಾಪಸ್ ಬರಲ್ಲ, ಓರೆಯಾಗಿ ಹೋದದ್ದು ಮಾತ್ರ ಬರುತ್ತದೆ. ಹತ್ತಿರದವರು ಬೇಕು ಅಂದರೆ 80 ಮೀಟರ್‌ಗೆ ಇಳಿ. ಮಿನಿಮಮ್ಮಿನ ಚಳಿಗಾಲದಲ್ಲಿ 80ರಷ್ಟು ಚೆಂದದ ಬ್ಯಾಂಡ್ ಇಲ್ಲ. ಏಪ್ರಿಲ್–ಮೇನಲ್ಲಿ ಮಾತ್ರ ಅದರ ಹತ್ತಿರ ಹೋಗಬೇಡ, ಗುಡುಗಿನ ಚಟಪಟ ಕಿವಿ ತೂತು ಮಾಡುತ್ತದೆ.

ನಿನ್ನ ಮಾಳಿಗೆಯ 20 ಮೀಟರ್ ಜಾಗ 40 ಮೀಟರ್ ಬ್ಯಾಂಡಿನ ಡೈಪೋಲ್ ಅನ್ನೋ ತಂತಿ ಆಂಟೆನಾಕ್ಕೆ ಸರಿಯಾಗಿ ಸಾಲುತ್ತದೆ, ಆ ಕಡೆ ಹತ್ತು ಈ ಕಡೆ ಹತ್ತು. 80ಕ್ಕೆ ಇದರ ಎರಡರಷ್ಟು ಬೇಕು, ತುದಿಗಳನ್ನು ಕೆಳಗೆ ಬಗ್ಗಿಸಿ ಇಳಿಬಿಟ್ಟರೂ ನಡೆಯುತ್ತದೆ. ಲೈಸೆನ್ಸಿನಲ್ಲಿ ಯಾವ ಬ್ಯಾಂಡಿಗೆ ಅನುಮತಿ ಇದೆ ಅಂತ ಮೊದಲು ನೋಡಿಕೊ.

ಕೊಪ್ಪಳದ ಮೇಷ್ಟ್ರು:
ರೇಡಿಯೊ ನನಗೆ ತಿಳಿಯದು. ಶಾಲೆಯಲ್ಲಿ ಸಣ್ಣ ದೂರದರ್ಶಕದಿಂದ ಸೂರ್ಯನ ಬಿಂಬವನ್ನು ಬಿಳಿ ರಟ್ಟಿನ ಮೇಲೆ ಬೀಳಿಸಿ ಮಕ್ಕಳಿಗೆ ತೋರಿಸುತ್ತೇನೆ. (ಕಣ್ಣಿಟ್ಟು ನೋಡೋದಲ್ಲ, ರಟ್ಟಿನ ಮೇಲೆ ಮಾತ್ರ.) 2019ರಲ್ಲಿ ವಾರಗಟ್ಟಲೆ ಖಾಲಿ ಬಿಂಬ. "ಸರ್, ಇದು ಇನ್ನೂ ಬೇಯದ ರೊಟ್ಟಿ" ಅಂದಳು ಒಬ್ಬ ಹುಡುಗಿ. 2024ರ ಮೇ ತಿಂಗಳಲ್ಲಿ ಭೂಮಿಗಿಂತ ಹದಿನೈದು ಪಟ್ಟು ಅಗಲದ ಕಲೆಗುಂಪು ಬಂದಾಗ ಅದೇ ರಟ್ಟಿನ ಮೇಲೆ ಜೋಳದ ರೊಟ್ಟಿ ಸುಟ್ಟ ಹಾಗೆ ಕಾಣಿಸಿತು. ಬೇಸಿಗೆ ರಜೆ ಬೇರೆ, ನೋಡೋಕೆ ಆ ಹುಡುಗಿ ಇರಲಿಲ್ಲ. ನೀವು ಬ್ಯಾಂಡ್ ನೋಡುವ ಮುಂಚೆ ದಿನಾ ಕಲೆ ಎಣಿಸಿ ಬರೆದಿಡಿ. ಕೊಡೈಕೆನಾಲ್ ವೀಕ್ಷಣಾಲಯದವರು ನೂರಿಪ್ಪತ್ತು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದಾರೆ.

ಸಿಂಧನೂರಿನ ಅಳತೆಗಾರ:
ಅಣ್ಣಾ, ನನ್ನದು ಉಲ್ಟಾ ಕಥೆ. ಮಿನಿಮಮ್ ಯಾವಾಗ ಬರುತ್ತೋ ಅಂತ ಕಾಯುತ್ತಿರುವವನು ನಾನು.

ರೋವರ್ (ಉಪಗ್ರಹದ ಸಿಗ್ನಲ್ ಹಿಡಿದು ಜಾಗ ಹೇಳುವ ಯಂತ್ರ) ಹಿಡಿದು ಹೊಲ ಅಳೆಯೋದು ನನ್ನ ಕಸುಬು. ನಮ್ಮ ಕಡೆ ಮಾರ್ಚ್ ಮಧ್ಯಾಹ್ನ ಗದ್ದೆ ಬದುವಿನ ಮೇಲೆ ಯಾರು ನಿಲ್ಲುತ್ತಾರೆ? ಬೆಳಗ್ಗೆ ಬೇಗ, ಇಲ್ಲವೇ ಸಂಜೆ ಹೊತ್ತು ಮುಳುಗಿದ ಮೇಲೆ ಬ್ಯಾಟರಿ ಹಾಕಿಕೊಂಡು ಕೆಲಸ. 2024ರ ಮಾರ್ಚಿನಲ್ಲಿ ರಾತ್ರಿ ಎಂಟರ ಸುಮಾರಿಗೆ 'ಫಿಕ್ಸ್' ಇದ್ದದ್ದು 'ಫ್ಲೋಟ್' ಆಗುತ್ತಿತ್ತು. ಎರಡು ಸೆಂಟಿಮೀಟರ್ ಹೇಳಬೇಕಾದ ಯಂತ್ರ ಅರ್ಧ ಮೀಟರ್ ಆಚೆ ಈಚೆ ಹೇಳುತ್ತಿತ್ತು. ಅಣ್ಣ ತಮ್ಮಂದಿರ ಪಾಲಿನ ಹೊಲದಲ್ಲಿ ಅರ್ಧ ಮೀಟರ್ ಅಂದರೆ ಗೊತ್ತಲ್ಲ, ಕೊಡಲಿ ಹೊರಗೆ ಬರುತ್ತದೆ. ಯಂತ್ರ ಮಾರಿದವರಿಗೆ ಫೋನ್ ಮಾಡಿ ಸಿಕ್ಕಾಪಟ್ಟೆ ಬೈದೆ. ಪಾಪ, ಅವರ ತಪ್ಪಿರಲಿಲ್ಲ.

ಆಮೇಲೆ ತಿಳಿದದ್ದು: ಭೂಮಿಯ ಕಾಂತೀಯ ಸಮಭಾಜಕ ತಿರುನೆಲ್ವೇಲಿ ಹತ್ತಿರ ಹಾದುಹೋಗುತ್ತದೆ. ಭೂಮಿಯ ಲೆಕ್ಕದಲ್ಲಿ ನಾವು ಅದಕ್ಕೆ ಹತ್ತಿರವೇ ಇದ್ದೇವೆ. ಸೂರ್ಯ ಜೋರಾಗಿರುವ ವರ್ಷಗಳಲ್ಲಿ ಹೊತ್ತು ಮುಳುಗಿದ ಮೇಲೆ ಅಯನೋಸ್ಫಿಯರ್ ಮೇಲಕ್ಕೆ ಎದ್ದು, ಅದರೊಳಗೆ ಕುದಿಯುವ ಅಂಬಲಿಯಲ್ಲಿ ಏಳೋ ಹಾಗೆ ಗುಳ್ಳೆ ಏಳುತ್ತವೆ. ಉಪಗ್ರಹದ ಸಿಗ್ನಲ್ ಆ ಗುಳ್ಳೆ ದಾಟುವಾಗ ನಕ್ಷತ್ರದ ಹಾಗೆ ಮಿನುಗುತ್ತದೆ. ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಜಾಸ್ತಿ. ನಡುರಾತ್ರಿ ಹೊತ್ತಿಗೆ ಶಾಂತ. 2019, 2020ರಲ್ಲಿ ಇದೇ ತಿಂಗಳು, ಇದೇ ಹೊತ್ತಿನಲ್ಲಿ ಅಳೆದಿದ್ದೇನೆ, ಒಂದು ದಿನವೂ ಕೈಕೊಟ್ಟಿರಲಿಲ್ಲ. ಸೂರ್ಯ ಮಂಕಾದಷ್ಟೂ ನನಗೆ ಒಳ್ಳೇದು.

ಗಂಗಾವತಿಯ ಹೊಸಬ:
ಒಬ್ಬರಿಗೆ ನಷ್ಟ ಆಗೋದೇ ಇನ್ನೊಬ್ಬರಿಗೆ ಲಾಭ ಅಂದ ಹಾಗಾಯಿತು. ಇನ್ನೊಂದು ಪ್ರಶ್ನೆ, ನಗಬೇಡಿ. ನಮ್ಮ ಮಾವನವರು ಮಾಳಿಗೆಗೆ ಸೋಲಾರ್ ಪ್ಯಾನೆಲ್ ಹಾಕಿಸೋಕೆ ಹೊರಟಿದ್ದಾರೆ. ಮಿನಿಮಮ್ ಅಂದರೆ ಕರೆಂಟೂ ಕಡಿಮೆ ಬರುತ್ತಾ ಅಂತ ಕೇಳು ಅಂದರು. ಚಳಿ ಜಾಸ್ತಿ ಆಗುತ್ತೆ, ಹಿಮಯುಗ ಬರುತ್ತೆ ಅಂತಲೂ ಫೋನಿಗೆ ಒಂದು ವಿಡಿಯೊ ಬಂದಿದೆ.

ರಾಯಚೂರಿನ ಉಪನ್ಯಾಸಕಿ:
ರಾಯಚೂರಿಗೆ ಹಿಮಯುಗ ಬಂದರೆ ಮೊದಲು ಸಂತೋಷಪಡುವವಳು ನಾನೇ! ಆದರೆ ಬರಲ್ಲ. ಸೂರ್ಯನ ಒಟ್ಟು ಬೆಳಕು ಮ್ಯಾಕ್ಸಿಮಮ್‌ಗೂ ಮಿನಿಮಮ್‌ಗೂ ಸುಮಾರು 0.1% ಮಾತ್ರ ವ್ಯತ್ಯಾಸ. ನಿಮ್ಮ ಮಾವನವರ ಪ್ಯಾನೆಲ್ ಮೇಲೆ ಕೂರುವ ಧೂಳು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತಿನ್ನುತ್ತದೆ. ವಾರಕ್ಕೊಮ್ಮೆ ಒರೆಸಲಿ, ಅಷ್ಟು ಸಾಕು.

ಏರುಪೇರು ದೊಡ್ಡದಾಗಿ ಆಗೋದು ಅಲ್ಟ್ರಾವಯೊಲೆಟ್‌ನ ತುದಿಯಲ್ಲಿ ಮತ್ತು ಎಕ್ಸ್‌ರೇಯಲ್ಲಿ. ಅವು ನೆಲ ಮುಟ್ಟಲ್ಲ, ಮೇಲೆಯೇ ಹೀರಿಹೋಗುತ್ತವೆ. ಹಾಗಾಗಿ ಪೆಟ್ಟು ತಿನ್ನೋದು ನಮ್ಮ ಹವೆಯಲ್ಲ, ಸುಮಾರು 90 ಕಿ.ಮೀ. ಮೇಲಿರುವ ಥರ್ಮೋಸ್ಫಿಯರ್. ಅದರ ಮೇಲ್ಭಾಗ ಮ್ಯಾಕ್ಸಿಮಮ್‌ನಲ್ಲಿ ಸಾವಿರ ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯುತ್ತದೆ, ಮಿನಿಮಮ್‌ನಲ್ಲಿ 400–500ಕ್ಕೆ ಇಳಿಯುತ್ತದೆ. ತಣ್ಣಗಾದ ಗಾಳಿ ಕುಗ್ಗುತ್ತದೆ. ಬಿಸಿ ಎಣ್ಣೆಯಿಂದ ತೆಗೆದ ಪೂರಿ ತಟ್ಟೆಯಲ್ಲಿ ಕುಗ್ಗುತ್ತಲ್ಲ, ಹಾಗೆ. 400 ಕಿ.ಮೀ. ಎತ್ತರದಲ್ಲಿ ಗಾಳಿಯ ಸಾಂದ್ರತೆ ಹತ್ತು ಪಟ್ಟಿನವರೆಗೂ ಬದಲಾಗುತ್ತದೆ. 2008–09ರಲ್ಲಿ ಅದು ಅದರ ಹಿಂದಿನ ಮಿನಿಮಮ್‌ಗಿಂತಲೂ ಸುಮಾರು 30% ಕಡಿಮೆ ಇತ್ತು.

ಇದರಿಂದ ಉಪಗ್ರಹಗಳಿಗೆ ಎರಡೂ ಇದೆ. ಗಾಳಿಯ ತಡೆ ಕಡಿಮೆ, ಆಯುಸ್ಸು ಜಾಸ್ತಿ. ಆದರೆ ಕೆಟ್ಟು ನಿಂತ ಉಪಗ್ರಹ, ರಾಕೆಟ್ ಚೂರು ಇವೂ ಬೀಳದೆ ಅಲ್ಲೇ ಸುತ್ತುತ್ತವೆ. ಸೂರ್ಯ ಜೋರಾದಾಗ ಅವನೇ ಕಸ ಗುಡಿಸುತ್ತಾನೆ, ಜೊತೆಗೆ ಒಳ್ಳೇದನ್ನೂ ಗುಡಿಸುತ್ತಾನೆ. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಅಂದುಕೊಂಡದ್ದಕ್ಕಿಂತ ಬೇಗ 1979ರ ಜುಲೈನಲ್ಲಿ ಬಿದ್ದದ್ದು ಹೀಗೇ. 2022ರ ಫೆಬ್ರವರಿಯಲ್ಲಿ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಬಿದ್ದುಹೋದವು. ಆಗ ಸೂರ್ಯನಿಂದ ಬಂದದ್ದು ದೊಡ್ಡ ಕಾಂತೀಯ ಬಿರುಗಾಳಿಯೇನೂ ಅಲ್ಲ, ಸಣ್ಣದು. ಅವು ಇನ್ನೂ 210 ಕಿ.ಮೀ.ನಷ್ಟು ಕೆಳಗೆ ಇದ್ದವು ನೋಡಿ.

ಮಿನಿಮಮ್ ಅಂದರೆ ಬಾಹ್ಯಾಕಾಶ ಪೂರ್ತಿ ಶಾಂತ ಅಂತಲೂ ತಿಳಿಯಬೇಡಿ. ಸೂರ್ಯನ ಕಾಂತಕ್ಷೇತ್ರ ಸಡಿಲವಾದಾಗ ಗ್ಯಾಲಕ್ಸಿಯಿಂದ ಬರುವ ಕಾಸ್ಮಿಕ್ ಕಿರಣಗಳಿಗೆ ತಡೆ ಕಡಿಮೆ. ಆಗ ಅವು ಹೆಚ್ಚಾಗುತ್ತವೆ.

ಬಳ್ಳಾರಿಯ ಹಳೇ ಹ್ಯಾಮ್:
ಮೇಡಂ ಮಾತಿಗೆ ಒಂದು ಸೇರಿಸುತ್ತೇನೆ. ಸೂರ್ಯನ ಹೊರ ಆವರಣವಾದ ಕೊರೋನಾದಲ್ಲಿ ಕಿಂಡಿಗಳಿರುತ್ತವೆ, ಅವುಗಳಿಂದ ವೇಗದ ಸೌರಮಾರುತ (ಸೂರ್ಯನಿಂದ ಹಾರಿಬರುವ ಕಣಗಳು) ಬಂದು ಬ್ಯಾಂಡ್ ಕೆಡಿಸುತ್ತದೆ. ಕಲೆ ಇಲ್ಲದ ವರ್ಷವೂ ಬರುತ್ತದೆ. ಸೂರ್ಯ ನಮ್ಮ ಕಡೆಯಿಂದ ನೋಡಿದರೆ ಸುಮಾರು 27 ದಿನಕ್ಕೆ ಒಂದು ಸುತ್ತು ಹಾಕುತ್ತಾನಲ್ಲ, ಅದೇ ಕಿಂಡಿ ಮತ್ತೆ ಎದುರಾಗುತ್ತದೆ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಬ್ಯಾಂಡ್ ಕೆಟ್ಟ ದಿನಕ್ಕೆ ಗೀಟು ಹಾಕುತ್ತಿದ್ದೆ. ಎಷ್ಟೋ ಸಲ 27ನೇ ದಿನ ಮತ್ತೆ ಕೆಟ್ಟಿದ್ದು ನೋಡಿದ್ದೇನೆ. ಮನೆಯಲ್ಲಿ ಹಾಲಿನವನ ಲೆಕ್ಕ ಅಂದುಕೊಂಡಿದ್ದರು.

ಮತ್ತೆ ಉಪಗ್ರಹದ ಮಾತು ಬಂತಲ್ಲ. 2008ರಲ್ಲಿ ನನ್ನನ್ನು ಬದುಕಿಸಿದ್ದೇ ಹ್ಯಾಮ್‌ಸ್ಯಾಟ್. ಇಸ್ರೋ 2005ರ ಮೇ 5ರಂದು ಪಿಎಸ್‌ಎಲ್‌ವಿಯಲ್ಲಿ ಹಾರಿಸಿದ ನಮ್ಮದೇ ಉಪಗ್ರಹ. ಅದಕ್ಕೆ ಅಯನೋಸ್ಫಿಯರ್ ಹಂಗಿಲ್ಲ, ಸೀದಾ ಹೋಗಿ ಸೀದಾ ಬರುತ್ತದೆ. ಕೈಯಲ್ಲಿ ಯಾಗಿ ಆಂಟೆನಾ ಹಿಡಿದು ಮಾಳಿಗೆ ಮೇಲೆ ನಿಂತರೆ ಹತ್ತು ಹನ್ನೆರಡು ನಿಮಿಷದ ಆಟ. ಕೆಳಗೆ ಬೀದಿಯವರು ದೂರದರ್ಶನದ ಆಂಟೆನಾ ತಿರುಗಿಸುತ್ತಿದ್ದಾನೆ ಅಂತ "ಈಗ ಬಂತಾ?" ಅಂತ ಕೂಗುತ್ತಿದ್ದರು. 2014ರಲ್ಲಿ ಬ್ಯಾಟರಿ ಕೈಕೊಟ್ಟು ಅದು ನಿಂತುಹೋಯಿತು. ಈಗ ಬೇರೆಯವು ಇವೆ. ಮಿನಿಮಮ್‌ನಲ್ಲಿ ಗಾಳಿಯ ತಡೆ ಕಡಿಮೆಯಾದ್ದರಿಂದ ಅವು ಬರೋ ಹೊತ್ತಿನ ಲೆಕ್ಕವೂ ಬೇಗ ತಪ್ಪಲ್ಲ.

2019ರಲ್ಲಿ ಎಫ್‌ಟಿ8 ಕಾಪಾಡಿತು. 2017ರಲ್ಲಿ ಬಂದ ಡಿಜಿಟಲ್ ವಿಧಾನ ಅದು. ಕಿವಿಗೆ ಏನೂ ಕೇಳದಿದ್ದರೂ ಕಂಪ್ಯೂಟರ್ ಹೆಕ್ಕಿ ತೆಗೆಯುತ್ತದೆ. ಕಲೆಯೇ ಇಲ್ಲದ ಡಿಸೆಂಬರ್ ಬೆಳಗ್ಗೆ 50 ವ್ಯಾಟ್‌ನಲ್ಲಿ ಜಪಾನ್ ಸಿಕ್ಕಿತ್ತು. ಮಾತಾಡಿದ ಖುಷಿ ಅದರಲ್ಲಿಲ್ಲ, ಅದು ನನ್ನ ತಕರಾರು.

ಸಂಡೂರಿನ ರೇಡಿಯೊ ಕೇಳುಗ:
ನಾನು ಕೇಳುವವನಷ್ಟೇ, ಮಾತಾಡುವವನಲ್ಲ. ಧಾರವಾಡದ 765 ಕಿಲೋಹರ್ಟ್ಸ್ ಹಿಡಿದು ಬೆಳೆದವನು. ನನ್ನ ಅನುಭವದಲ್ಲಿ ಕೆಳಗಿನ ಬ್ಯಾಂಡಿಗೆ ಸೂರ್ಯ ಶತ್ರುವಲ್ಲ, ಎಲ್‌ಇಡಿ ಬಲ್ಬು ಶತ್ರು. ಮೊಬೈಲ್ ಚಾರ್ಜರ್, ಇನ್ವರ್ಟರ್, ಪಂಪ್‌ಸೆಟ್ ಸ್ಟಾರ್ಟರ್ ಎಲ್ಲ ಸೇರಿ ಗೊರಗೊರ ಅನ್ನುತ್ತವೆ. ರೈಸ್ ಮಿಲ್ ಪಕ್ಕ ಅಂದಿರಲ್ಲ, ಸೆಟ್ಟಿಗೆ ದುಡ್ಡು ಕೊಡುವ ಮುಂಚೆ ಬ್ಯಾಟರಿ ರೇಡಿಯೊ ಒಂದನ್ನು ಮಾಳಿಗೆಗೆ ಒಯ್ದು ಮಿಲ್ ಓಡುವಾಗ ಒಂದು ಸಲ, ನಿಂತಾಗ ಒಂದು ಸಲ ಕೇಳಿ. ಮಾವನವರ ಪ್ಯಾನೆಲ್ ಇನ್ವರ್ಟರನ್ನೂ ತಂತಿಯಿಂದ ದೂರ ಕೂರಿಸಿ.

ಗಂಗಾವತಿಯ ಹೊಸಬ:
ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ಲ. ಸೆಟ್ ತಗೊಂಡೆ. ಸಂಡೂರಿನವರು ಹೇಳಿದ ಹಾಗೆ ಮೊದಲು ರೇಡಿಯೊ ಒಯ್ದು ಕೇಳಿದೆ. ಮಿಲ್ ರಾತ್ರಿ ಹತ್ತಕ್ಕೆ ನಿಲ್ಲುತ್ತದೆ, ಆಮೇಲೆ ಗೊರಗೊರ ಅರ್ಧಕ್ಕಿಂತ ಕಡಿಮೆ. ಬೇವಿನ ಮರದಿಂದ ನೀರಿನ ಟ್ಯಾಂಕಿಗೆ ತಂತಿ ಕಟ್ಟಿದ್ದೇನೆ. ಇವತ್ತು ಬೆಳಗ್ಗೆ ಐದೂವರೆಗೆ 40 ಮೀಟರ್‌ನಲ್ಲಿ ಸಿಕ್ಯೂ (ಯಾರಾದರೂ ಇದ್ದೀರಾ ಅಂತ) ಕರೆದೆ, ಹೈದರಾಬಾದಿನವರೊಬ್ಬರು ಉತ್ತರ ಕೊಟ್ಟರು. ಕೈ ನಡುಗಿ ನನ್ನ ಕಾಲ್‌ಸೈನೇ (ರೇಡಿಯೊದಲ್ಲಿನ ಗುರುತಿನ ಹೆಸರು) ತಪ್ಪು ಹೇಳಿದೆ.

ಒಂಬತ್ತು ಗಂಟೆಗೆ ಮತ್ತೆ ಕರೆದರೆ ಎಸ್‌ಡಬ್ಲ್ಯುಆರ್ (ಹೆಚ್ಚಾದರೆ ಆಂಟೆನಾ ಸರಿಯಿಲ್ಲ ಅಂತ ಹೇಳುವ ಅಂಕಿ) ಮೂರು ದಾಟಿದೆ. ಸೂರ್ಯನದೇ ಏನೋ ಅಂತ ಮೇಲೆ ಓಡಿದೆ. ನಮ್ಮವ್ವ ತಂತಿಯ ಉದ್ದಕ್ಕೂ ಒದ್ದೆ ಸೀರೆ ಒಣಹಾಕಿದ್ದಳು.

ಬಳ್ಳಾರಿಯ ಹಳೇ ಹ್ಯಾಮ್:
ಅವ್ವನಿಗೆ ಬೇರೆ ಹಗ್ಗ ಕಟ್ಟಿಕೊಡು ತಮ್ಮಾ, ಇವತ್ತೇ. ಸೆಟ್ ಆನ್ ಇರುವಾಗ ಆ ತಂತಿಯನ್ನು ಯಾರೂ ಮುಟ್ಟಬಾರದು. ಭಾನುವಾರ ಬೆಳಗ್ಗೆ ಏಳಕ್ಕೆ 40ರಲ್ಲಿ ನಾನಿರುತ್ತೇನೆ, ಕರೆ.